ಈ ಚಿತ್ರಕ್ಕೆ ನಕ್ಕವರು ಯಾರು?

ಸಾಗರ ತಾಲ್ಲೂಕಿನ ನಮ್ಮ ಹಳೆಯ ಮನೆಯ ಅಟ್ಟದಲ್ಲಿ ಅಜ್ಜನ ಲೆಕ್ಕದ ಪುಸ್ತಕವೊಂದು ಸಿಕ್ಕಿತು. ಕೊನೆಯ ಖಾಲಿ ಹಾಳೆಗಳಿಗೆ ಅವರು ಪತ್ರಿಕೆಯ ತುಣುಕುಗಳನ್ನು ಅಂಟಿಸಿದ್ದರು. ಅವುಗಳಲ್ಲೊಂದು ವ್ಯಂಗ್ಯಚಿತ್ರ: ಹಸುವಿನ ಕೊರಳ ಹಗ್ಗವನ್ನು ಕರು ಬಾಯಲ್ಲಿ ಕಚ್ಚಿ ಎಳೆದುಕೊಂಡು ಹೋಗುತ್ತಿದೆ, ಹಿಂದೆ ಮುರಿದು ಬಿದ್ದ ಬೇಲಿ. ಅಡಿಬರಹ ಕತ್ತರಿಗೆ ಸಿಕ್ಕಿ ಹೋಗಿತ್ತು. ಪತ್ರಿಕೆಯ ಹೆಸರಿಲ್ಲ, ದಿನಾಂಕವಿಲ್ಲ.

ನಾನು ಪಿಯುಸಿ ಮಕ್ಕಳಿಗೆ ಇತಿಹಾಸ ಪಾಠ ಹೇಳುವವನು. ನಮ್ಮೂರಲ್ಲಿ ಬೇಲಿ ದಾಟಿದ ದನದ ಜಗಳ ಯಾರಿಗೆ ಗೊತ್ತಿಲ್ಲ! ಹಳ್ಳಿಯ ತಂಟೆಯ ಚಿತ್ರವೆಂದು ತರಗತಿಯಲ್ಲಿ ಹೇಳಿಬಿಟ್ಟೆ. ಪಕ್ಕದ ಮನೆಯ ಹಿರಿಯರಿಗೆ ತೋರಿಸಿದಾಗ ಅವರು ಒಮ್ಮೆ ನೋಡಿ, "ಮೇಷ್ಟ್ರೇ, ಇದು ದನವಲ್ಲ, ತಾಯಿ ಮಗ" ಎಂದರು.

ಹಸು-ಕರು ಇಂದಿರಾ ಗಾಂಧಿಯವರ ಕಾಂಗ್ರೆಸ್ಸಿನ ಚುನಾವಣಾ ಗುರುತಾಗಿತ್ತು. 1969ರಲ್ಲಿ ಪಕ್ಷ ಒಡೆಯುವವರೆಗೆ ಜೋಡೆತ್ತು, 1971ರ ಚುನಾವಣೆಗೆ ಹಸು-ಕರು, 1978ರಿಂದ ಹಸ್ತ. ಚಿತ್ರದ ಕಾಲ ಅಲ್ಲಿಗೆ ಏಳು ವರ್ಷದೊಳಗೆ ಬಂತು. ಕರುವೆಂದರೆ ಇಂದಿರಾ ಅವರ ಮಗ ಸಂಜಯ್ ಗಾಂಧಿ ಎಂದಾದರೆ, ತುರ್ತುಪರಿಸ್ಥಿತಿಯ ಸೆನ್ಸಾರ್ ಇದನ್ನು ಬಿಡುತ್ತಿರಲಿಲ್ಲ. ಆಗ ಏನೂ ಅಚ್ಚಾಗಲೇ ಇಲ್ಲವೆಂದಲ್ಲ. 1975ರ ಡಿಸೆಂಬರಿನಲ್ಲಿ ವ್ಯಂಗ್ಯಚಿತ್ರಕಾರ ಅಬು ಅಬ್ರಹಾಂ ಬರೆದ ಚಿತ್ರದಲ್ಲಿ ರಾಷ್ಟ್ರಪತಿಗಳು ಸ್ನಾನದ ತೊಟ್ಟಿಯಲ್ಲಿ ಕುಳಿತೇ ಸುಗ್ರೀವಾಜ್ಞೆಗೆ ಸಹಿ ಹಾಕಿ ಕೊಡುತ್ತಾರೆ. ಅಂಥ ಧೈರ್ಯ ಅಪರೂಪ. ವ್ಯಂಗ್ಯಚಿತ್ರಗಳ ವಾರಪತ್ರಿಕೆ 'ಶಂಕರ್ಸ್ ವೀಕ್ಲಿ' ಆ ವರ್ಷವೇ ನಿಂತುಹೋಗಿತ್ತು.

ಹಾಳೆಯನ್ನು ಕಿಟಕಿಯ ಬೆಳಕಿಗೆ ಎತ್ತಿ ಹಿಡಿದೆ. ತುಣುಕಿನ ಹಿಂಬದಿಯ ಅಕ್ಷರಗಳು ಹಿಂದುಮುಂದಾಗಿ ಕಂಡವು. ಮೊಬೈಲಿನಲ್ಲಿ ಫೋಟೊ ತೆಗೆದು ತಿರುಗಿಸಿದರೆ ಎರಡು ಪದ ಸ್ಪಷ್ಟವಾಗಿದ್ದವು: 'ಲೋಕಸಭೆ', 'ನಾಮಪತ್ರ'. 1977ರ ಜನವರಿ 18ರಂದು ಚುನಾವಣೆ ಘೋಷಣೆಯಾಯಿತು, ಸೆನ್ಸಾರ್ ಸಡಿಲವಾಯಿತು, ಮಾರ್ಚಿನಲ್ಲಿ ಮತದಾನ. ಚಿತ್ರ ಆ ನಡುವಿನದು. ಕತ್ತರಿಸಿದ ತುಣುಕಿನ ಬೆನ್ನನ್ನು ನೋಡದೆ ಬಿಡಬಾರದೆಂದು ಅಂದು ಕಲಿತೆ.

ಇಷ್ಟಾದ ಮೇಲೂ ನಾನು ಇನ್ನೊಂದು ತಪ್ಪಿನ ಅಂಚಿನಲ್ಲಿದ್ದೆ. ಈ ಚಿತ್ರ ಜನರ ಸಿಟ್ಟಿಗೆ ಸಾಕ್ಷಿ ಎಂದು ಬರೆದುಕೊಂಡಿದ್ದೆ. ಆದರೆ ಆ ಚುನಾವಣೆಯಲ್ಲಿ ಉತ್ತರ ಭಾರತದಲ್ಲಿ ನೆಲಕಚ್ಚಿದ ಕಾಂಗ್ರೆಸ್ ಕರ್ನಾಟಕದ 28 ಸ್ಥಾನಗಳಲ್ಲಿ 26 ಗೆದ್ದಿತು. ಮರುವರ್ಷ ನವೆಂಬರಿನಲ್ಲಿ ಚಿಕ್ಕಮಗಳೂರಿನ ಮಲೆನಾಡು ಇಂದಿರಾ ಅವರನ್ನು ಎಪ್ಪತ್ತೇಳು ಸಾವಿರಕ್ಕೂ ಹೆಚ್ಚಿನ ಅಂತರದಿಂದ ಗೆಲ್ಲಿಸಿ ಲೋಕಸಭೆಗೆ ಕಳುಹಿಸಿತು. ಹಾಗಾದರೆ ಈ ಚಿತ್ರಕ್ಕೆ ನಕ್ಕವರು ಯಾರು?

ಅದನ್ನೇ ಹಿರಿಯರಲ್ಲಿ ಕೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು: "ನಿಮ್ಮ ಮನೆಯ ಜಗುಲಿಯಲ್ಲಿ ನಕ್ಕಿರಬಹುದು. ನಮ್ಮ ಮನೆಯಲ್ಲಿ ಯಾರೂ ನಗಲಿಲ್ಲ. ನಮ್ಮಪ್ಪ ಡಿಕ್ಲರೇಷನ್ ಹಾಕಿದ್ದರು." ಕಾಗೋಡಿನ ಗೇಣಿದಾರರು 1951ರಲ್ಲಿ ಸತ್ಯಾಗ್ರಹ ಹೂಡಿದ ತಾಲ್ಲೂಕು ಇದು. ಕಾಂಗ್ರೆಸ್ ಮುಖ್ಯಮಂತ್ರಿ ದೇವರಾಜ ಅರಸರ ಭೂಸುಧಾರಣೆ 1974ರ ಮಾರ್ಚ್ 1ರಂದು ಜಾರಿಗೆ ಬಂದಾಗ ಉಳುವವರು ಭೂನ್ಯಾಯ ಮಂಡಳಿಗೆ ಡಿಕ್ಲರೇಷನ್ ಎಂಬ ಅರ್ಜಿ ಕೊಟ್ಟು ಜಮೀನು ಪಡೆದರು. ಅವರಿಗೆ ಹಸು-ಕರು ಎಂದರೆ ಆ ಭೂಮಿ.

ವ್ಯಂಗ್ಯಚಿತ್ರ ಇಡೀ ಊರಿನ ಮನಸ್ಸನ್ನು ಹೇಳುವುದಿಲ್ಲ. ಬರೆದವನ ಮನಸ್ಸನ್ನು ಹೇಳುತ್ತದೆ, ಕತ್ತರಿಸಿ ಇಟ್ಟುಕೊಂಡವನ ಮನಸ್ಸನ್ನು ಅದಕ್ಕಿಂತ ಚೆನ್ನಾಗಿ ಹೇಳುತ್ತದೆ. ಭೂಮಿ ಕಳೆದುಕೊಂಡ ಅಜ್ಜನ ನೋವು ಸುಳ್ಳಲ್ಲ, ಅದೂ ಇತಿಹಾಸವೇ. ಈಗ ತರಗತಿಯಲ್ಲಿ ಯಾವ ಚಿತ್ರ ತೋರಿಸಿದರೂ ಅದರ ಪಕ್ಕದಲ್ಲಿ ಆ ವರ್ಷದ ಫಲಿತಾಂಶವನ್ನು ಬರೆಯುತ್ತೇನೆ. ಮನೆಯಲ್ಲಿ ಹಿರಿಯರಿದ್ದರೆ ತೋರಿಸಿ, ಅವರು ಹೇಳಿದ್ದನ್ನು ಬರೆದು ತರುವಂತೆ ಮಕ್ಕಳಿಗೆ ಹೇಳುತ್ತೇನೆ. ತಪ್ಪು ಹೇಳಿಕೊಟ್ಟಿದ್ದ ಮಕ್ಕಳಿಗೂ ಮರುದಿನವೇ ತಿದ್ದಿ ಹೇಳಿದೆ.

ಪುಸ್ತಕವನ್ನು ಹಿರಿಯರ ಕೈಗೆ ಕೊಟ್ಟೆ. ಅವರು ತುಣುಕುಗಳನ್ನು ಬಿಟ್ಟು ಮೊದಲ ಪುಟಗಳಿಗೆ ಹೋದರು. ಅಲ್ಲಿ ಅಜ್ಜನ ದುಂಡಕ್ಷರದಲ್ಲಿ ಭತ್ತದ ಗೇಣಿಯ ಲೆಕ್ಕವಿತ್ತು, ಆ ಹಿರಿಯರ ತಂದೆಯ ಹೆಸರಿನಲ್ಲಿ. ಕೊನೆಯ ಸಾಲು 1973ರದ್ದು. ಅವರು ಅದರ ಮೇಲೆ ಬೆರಳಿಟ್ಟು ಎರಡು ಸಲ ಓದಿದರು.