ಟರ್ಬೋ ಕಾರಿಗೆ ಬೂಸ್ಟ್ ಗೇಜ್: ಪೈಪ್ ಎಲ್ಲಿಂದ ಎಳೀಬೇಕು ಅನ್ನೋದೇ ಮುಖ್ಯ

ನನ್ನ ಭಾವಮೈದುನನ ಡೀಸೆಲ್ ಕಾರಿಗೆ ಒಂದು ಗ್ಯಾರೇಜಿನವರು ಬೂಸ್ಟ್ ಗೇಜ್, ಅಂದರೆ ಟರ್ಬೋ ಎಂಜಿನ್ನಿಗೆ ಎಷ್ಟು ಒತ್ತಡದಲ್ಲಿ ಗಾಳಿ ತುಂಬುತ್ತಿದೆ ಅಂತ ತೋರಿಸೋ ಮೀಟರ್, ಹಾಕಿಕೊಟ್ಟಿದ್ದರು. ಎಂಜಿನ್ ಶುರು ಮಾಡಿದ ತಕ್ಷಣ ಮುಳ್ಳು ಮೈನಸ್ 0.8 ಬಾರ್‌ಗೆ (ಬಾರ್ ಒತ್ತಡದ ಅಳತೆ; ಮೈನಸ್ ಅಂದರೆ ಹೊರಗಿನ ಗಾಳಿಗಿಂತ ಕಡಿಮೆ ಒತ್ತಡ, ಅದೇ ವ್ಯಾಕ್ಯೂಮ್) ಹೋಗಿ ಕೂರುತ್ತಿತ್ತು. ಆಕ್ಸಿಲರೇಟರ್ ಎಷ್ಟು ಒತ್ತಿದರೂ ಅಲ್ಲೇ. "ಭಾವ, ಟರ್ಬೋ ಸತ್ತುಹೋಗಿದೆ ಅನ್ಸುತ್ತೆ" ಅಂತ ಗಾಬರಿಯಲ್ಲಿ ಫೋನ್ ಮಾಡಿದ. ಬಾನೆಟ್ ತೆಗೆದು ನೋಡಿದರೆ ಟರ್ಬೋಗೆ ಏನೂ ಆಗಿರಲಿಲ್ಲ. ಬ್ರೇಕಿಗಾಗಿ ಇರೋ ವ್ಯಾಕ್ಯೂಮ್ ಪಂಪಿನ ಪೈಪಿಗೆ ಟೀ (ಪೈಪಿನಿಂದ ಇನ್ನೊಂದು ಕವಲು ತೆಗೆಯೋ T ಆಕಾರದ ಜೋಡಣೆ) ಹಾಕಿದ್ದರು. ಪಾಪ, ಗೇಜ್ ಆ ಪಂಪಿನ ಆರೋಗ್ಯವನ್ನು ಸರಿಯಾಗೇ ತೋರಿಸುತ್ತಿತ್ತು.

ಅದಕ್ಕೇ ಮೊದಲೇ ಹೇಳಿಬಿಡ್ತೀನಿ. ಈ ಕೆಲಸದಲ್ಲಿ ವೈರಿಂಗ್ ಸುಲಭ, ಗೇಜ್ ಕೂರಿಸೋದು ಇನ್ನೂ ಸುಲಭ. ಒತ್ತಡವನ್ನು ಎಂಜಿನ್ನಿನ ಯಾವ ಜಾಗದಿಂದ ತಗೋತೀರಿ ಅನ್ನೋದೇ ಅಸಲಿ ಕೆಲಸ. ನಾನು ಹಾಕಿದ್ದು ನನ್ನ ಸೆಕೆಂಡ್ ಹ್ಯಾಂಡ್ ಪೋಲೋ 1.2 ಟಿಎಸ್‌ಐಗೆ. ಬೇರೆ ಟರ್ಬೋ ಪೆಟ್ರೋಲ್ ಕಾರಿಗೂ ಕ್ರಮ ಹೆಚ್ಚುಕಡಿಮೆ ಇದೇ. ಡೀಸೆಲ್‌ಗೆ ಎಲ್ಲಿ ಬದಲಾಗುತ್ತೆ ಅಂತ ಮಧ್ಯೆ ಮಧ್ಯೆ ಹೇಳ್ತೀನಿ.

ಮೊದಲು ಯಾವ ಗೇಜ್ ಅಂತ ನೋಡೋಣ. ಎರಡು ಥರ ಸಿಗುತ್ತೆ. ಮೆಕ್ಯಾನಿಕಲ್ ಆದರೆ ಎಂಜಿನ್ನಿಂದ ಒಂದು ಸಣ್ಣ ಪೈಪ್ ನೇರವಾಗಿ ಗೇಜಿನ ಬೆನ್ನಿಗೇ ಬರುತ್ತೆ. ಎಲೆಕ್ಟ್ರಾನಿಕ್ ಆದರೆ ಪೈಪ್ ಬಾನೆಟ್ ಒಳಗಿರೋ ಸೆನ್ಸರ್ ತನಕ ಮಾತ್ರ, ಅಲ್ಲಿಂದ ಮುಂದೆ ವೈರ್. ಮೆಕ್ಯಾನಿಕಲ್ ಅಗ್ಗ, ಮುಳ್ಳೂ ಚುರುಕು. ಆದರೆ ಎಣ್ಣೆ ಆವಿ, ಕೆಲವು ಕಾರುಗಳಲ್ಲಿ ಪೆಟ್ರೋಲ್ ಆವಿ ಕೂಡ ಇರೋ ಪೈಪು ನಿಮ್ಮ ಮೊಣಕಾಲಿನ ಪಕ್ಕ ಬಂದು ಕೂರೋದು ನನಗಂತೂ ಇಷ್ಟ ಇಲ್ಲ. ಎಲೆಕ್ಟ್ರಾನಿಕ್ ತಗೊಳ್ಳಿ. 52 ಮಿಲಿಮೀಟರ್ ಅಳತೆಯದ್ದಾದರೆ ಅದಕ್ಕೆ ಬೇಕಾದ ಪಾಡ್ (ಗೇಜ್ ಕೂರಿಸೋ ಗೂಡು) ಸುಲಭವಾಗಿ ಸಿಗುತ್ತೆ. ಪೆಟ್ರೋಲ್ ಕಾರಿಗೆ ಮೈನಸ್ 1ರಿಂದ 2 ಬಾರ್ ತನಕ ತೋರಿಸೋದು ಬೇಕು. ಡೀಸೆಲ್‌ಗೆ ಮೈನಸ್ ಭಾಗ ಸುಮ್ನೆ ದಂಡ. ಅಲ್ಲಿ ಐಡಲ್‌ನಲ್ಲಿ (ಆಕ್ಸಿಲರೇಟರ್ ಒತ್ತದೆ ಎಂಜಿನ್ ಸುಮ್ನೆ ಓಡ್ತಿರುವಾಗ) ಮುಳ್ಳು ಸೊನ್ನೆಯ ಹತ್ತಿರವೇ ಇರುತ್ತೆ.

ಬರೀ ಕುತೂಹಲಕ್ಕೆ ನೋಡಬೇಕು ಅಂದರೆ ಓಬಿಡಿ ಡಾಂಗಲ್ (ಕಾರಿನ ಕಂಪ್ಯೂಟರಿನ ರೀಡಿಂಗ್ ಫೋನಿಗೆ ಕಳಿಸೋ ಸಣ್ಣ ಪ್ಲಗ್) ಮತ್ತು ಫೋನ್ ಸಾಕು, ಇಷ್ಟೆಲ್ಲಾ ಬೇಡ. ಒಂದು ವಿಷಯ ನೆನಪಿರಲಿ. ಆ ದಾರಿಯಲ್ಲಿ ಬರೋದು ಒಟ್ಟು ಒತ್ತಡ, ಅಂದರೆ ಹೊರಗಿನ ಗಾಳಿಯ ಒತ್ತಡವೂ ಸೇರಿದ್ದು. ಅದನ್ನು ಕಳೆದ ಮೇಲೆ ಉಳಿಯೋದು ಬೂಸ್ಟ್. ಸಾಮಾನ್ಯ ಓಬಿಡಿ ರೀಡಿಂಗ್ 255 ಕಿಲೋಪಾಸ್ಕಲ್‌ಗಿಂತ ಮೇಲೆ ಹೋಗೋದೂ ಇಲ್ಲ, ಹಾಗಾಗಿ ಜಾಸ್ತಿ ಬೂಸ್ಟ್ ಇರೋ ಡೀಸೆಲ್‌ಗಳಲ್ಲಿ ಅದು ಅಲ್ಲೇ ನಿಂತುಬಿಡಬಹುದು.

ಸಾಮಾನು ಹೇಳ್ತೀನಿ: 4 ಮಿ.ಮೀ. ಒಳಅಳತೆಯ ದಪ್ಪ ಗೋಡೆಯ ಸಿಲಿಕಾನ್ ಹೋಸ್ ಒಂದು ಮೀಟರ್, ಒಂದು ಮಲ್ಟಿಮೀಟರ್, ಫ್ಯೂಸ್ ಟ್ಯಾಪ್ (ಇರೋ ಫ್ಯೂಸಿನ ಜಾಗದಿಂದಲೇ ಹೊಸ ವೈರಿಗೆ ಕರೆಂಟ್ ತೆಗೆಯೋ ತುಂಡು), 2 ಅಥವಾ 3 ಆಂಪಿಯರ್ ಫ್ಯೂಸ್, ಹೀಟ್ ಶ್ರಿಂಕ್, ಕೇಬಲ್ ಟೈ ಒಂದು ಕಟ್ಟು, ಟಾರ್ಕ್ಸ್ ಬಿಟ್‌ಗಳು, ಡ್ಯಾಶ್‌ಬೋರ್ಡ್ ಕ್ಲಿಪ್ ಎಬ್ಬಿಸೋ ಪ್ಲಾಸ್ಟಿಕ್ ಪಟ್ಟಿ, ಮತ್ತು ಮೆಡಿಕಲ್ ಶಾಪಿನಿಂದ ಸೂಜಿ ಇಲ್ಲದ 20 ಎಂಎಲ್ ಸಿರಿಂಜ್. ಸಿರಿಂಜ್ ಯಾಕೆ ಅಂತ ಆಮೇಲೆ ಹೇಳ್ತೀನಿ. ಬೆಂಗಳೂರಿನವರಾದರೆ ಹೋಸ್, ಟೀ ಎಲ್ಲಾ ಜೆ.ಸಿ. ರೋಡಿನಲ್ಲಿ, ವೈರು, ಹೀಟ್ ಶ್ರಿಂಕ್ ಎಸ್.ಪಿ. ರೋಡಿನಲ್ಲಿ ಹುಡುಕಿ. ಮೀನಿನ ತೊಟ್ಟಿಗೆ ಹಾಕೋ ತೆಳು ಪೈಪ್ ಮಾತ್ರ ಬೇಡ, ಎಂಜಿನ್ ಶಾಖಕ್ಕೆ ಮೆತ್ತಗಾಗಿ ಮುಚ್ಚಿಕೊಳ್ಳುತ್ತೆ.

ಈಗ ಅಸಲಿ ಮಾತಿಗೆ ಬರೋಣ.

ಪೆಟ್ರೋಲ್ ಕಾರಿನಲ್ಲಿ ಗಾಳಿ ಟರ್ಬೋದಿಂದ ಹೊರಟು, ಥ್ರಾಟಲ್ (ಆಕ್ಸಿಲರೇಟರ್ ಒತ್ತಿದಾಗ ಗಾಳಿಗೆ ದಾರಿ ಬಿಡೋ ಬಾಗಿಲು) ದಾಟಿ, ಇನ್‌ಟೇಕ್ ಮ್ಯಾನಿಫೋಲ್ಡಿಗೆ (ಸಿಲಿಂಡರುಗಳಿಗೆ ಗಾಳಿ ಹಂಚೋ ಕೊಳವೆ) ಹೋಗುತ್ತೆ. ನಮಗೆ ಬೇಕಾಗಿರೋದು ಥ್ರಾಟಲ್ ದಾಟಿದ ಮೇಲಿನ ಒತ್ತಡ. ಥ್ರಾಟಲ್‌ಗಿಂತ ಮುಂಚೆ ತಗೊಂಡರೆ ಬೂಸ್ಟ್ ಕಾಣುತ್ತೆ, ಆದರೆ ವ್ಯಾಕ್ಯೂಮ್ ಕಾಣೋದೇ ಇಲ್ಲ. ನಾನು ಮೊದಲ ಸಲ ಮಾಡಿದ ತಪ್ಪು ಇದೇ. ಟಿಎಸ್‌ಐನಲ್ಲಿ ನೋಡೋಕೆ ಒಂದೇ ಥರದ ಎರಡು ಒತ್ತಡದ ಸೆನ್ಸರ್ ಇವೆ: ಒಂದು ಥ್ರಾಟಲ್‌ಗೆ ಬರೋ ಪೈಪಿನ ಮೇಲೆ, ಇನ್ನೊಂದು ಮ್ಯಾನಿಫೋಲ್ಡ್ ಮೇಲೆ. ಕೈಗೆ ಸುಲಭವಾಗಿ ಸಿಕ್ಕಿದ್ದಕ್ಕೆ ಹಾಕಿ ಮುಗಿಸಿದೆ. ಐಡಲ್‌ನಲ್ಲಿ ಮುಳ್ಳು ಸೊನ್ನೆ ಬಿಟ್ಟು ಅಲ್ಲಾಡಲಿಲ್ಲ, ಇಡೀ ಭಾನುವಾರ ವೈರಿಂಗ್ ಮೇಲೆ ಅನುಮಾನ ಪಟ್ಟುಕೊಂಡು ಕೂತಿದ್ದೆ.

ಸರಿಯಾದ ಸೆನ್ಸರ್ ಗುರುತಿಸಿದ ಮೇಲೆ ಮ್ಯಾಪ್ (ಮ್ಯಾನಿಫೋಲ್ಡ್ ಒತ್ತಡ ಅಳೆಯೋ) ಸೆನ್ಸರ್ ಅಡಾಪ್ಟರ್ ಅಂತ ಸಿಗೋ ಸಣ್ಣ ಅಲ್ಯೂಮಿನಿಯಂ ತುಂಡು ಹಾಕೋದೇ ಅಚ್ಚುಕಟ್ಟು. ಸೆನ್ಸರ್ ಬಿಚ್ಚಿ, ಅದರ ಜಾಗದಲ್ಲಿ ಈ ತುಂಡು ಕೂರಿಸಿ, ಅದರ ಮೇಲೆ ಮತ್ತೆ ಸೆನ್ಸರ್ ಹಾಕಬೇಕು. ಪಕ್ಕದಲ್ಲಿ ಹೋಸ್ ಸಿಕ್ಕಿಸೋಕೆ ಒಂದು ಮೂತಿ ಇರುತ್ತೆ. ಕಾರಿನ ಯಾವ ಪೈಪನ್ನೂ ಕತ್ತರಿಸೋ ಹಾಗಿಲ್ಲ, ನಾಳೆ ಕಾರು ಮಾರುವಾಗ ಬಿಚ್ಚಿ ಮೊದಲಿನಂತೆ ಮಾಡಬಹುದು. ಓ ರಿಂಗಿಗೆ ಒಂದು ತೊಟ್ಟು ಎಂಜಿನ್ ಆಯಿಲ್ ಸವರಿ, ಇಲ್ಲದಿದ್ದರೆ ಒಳಗೆ ಹೋಗುವಾಗ ಮಡಚಿಕೊಂಡು ಹರಿದುಹೋಗುತ್ತೆ. ಮ್ಯಾನಿಫೋಲ್ಡ್ ಪ್ಲಾಸ್ಟಿಕ್ಕು, ಸ್ಕ್ರೂ ಡ್ರೈವರ್ ಹಿಡಿದು ಕೈಯಲ್ಲಿ ಬಿಗಿ ಮಾಡಿದಷ್ಟೇ ಸಾಕು, ರ‍್ಯಾಚೆಟ್ ಹಾಕಿ ಶೌರ್ಯ ತೋರಿಸಬೇಡಿ.

ಅಡಾಪ್ಟರ್ ಸಿಗದ ಕಾರಾದರೆ ಮ್ಯಾನಿಫೋಲ್ಡಿನಿಂದ ಹೊರಡೋ ಯಾವುದಾದರೂ ಸಣ್ಣ ವ್ಯಾಕ್ಯೂಮ್ ಪೈಪಿಗೆ ಟೀ ಹಾಕಬೇಕು. ಆದರೆ ಮೂರು ಕಡೆ ಕೈ ಹಾಕಲೇಬೇಡಿ. ಬ್ರೇಕ್ ಬೂಸ್ಟರ್‌ಗೆ ಹೋಗೋ ದಪ್ಪ ಹೋಸ್ ಬೇಡ. ಗೇಜಿನ ಪೈಪ್ ಕಳಚಿಕೊಂಡರೆ ಬ್ರೇಕ್ ಕಲ್ಲಿನಂತೆ ಗಟ್ಟಿಯಾಗುತ್ತೆ, ಘಾಟಿಯಲ್ಲಿ ಅದನ್ನು ಅನುಭವಿಸೋದು ಬೇಡ. ವೇಸ್ಟ್‌ಗೇಟ್ ಆಕ್ಚುಯೇಟರ್ (ಬೂಸ್ಟ್ ಹೆಚ್ಚಾದಾಗ ಟರ್ಬೋಗೆ ಹೋಗೋ ಎಕ್ಸಾಸ್ಟನ್ನು ಪಕ್ಕಕ್ಕೆ ಬಿಡೋ ಬಾಗಿಲನ್ನು ತೆರೆಯೋ ಭಾಗ) ಪೈಪ್ ಬೇಡ. ಅಲ್ಲಿ ಲೀಕ್ ಆದರೆ ವೇಸ್ಟ್‌ಗೇಟ್ ತಡವಾಗಿ ತೆರೆದು ಬೂಸ್ಟ್ ಮಿತಿ ಮೀರುತ್ತೆ. ಎಂಜಿನ್ ಬ್ರೀದರ್ ಪೈಪೂ ಬೇಡ, ಅಲ್ಲಿ ಎಣ್ಣೆ ಆವಿ ಜಾಸ್ತಿ, ಒತ್ತಡವೂ ಮ್ಯಾನಿಫೋಲ್ಡಿನದ್ದಲ್ಲ. ಡೀಸೆಲ್‌ನವರು ಇಂಟರ್‌ಕೂಲರ್ (ಟರ್ಬೋದಿಂದ ಬಂದ ಬಿಸಿ ಗಾಳಿ ತಣ್ಣಗೆ ಮಾಡೋ ರೇಡಿಯೇಟರ್) ದಾಟಿದ ಮೇಲಿನ ಪೈಪಿನಿಂದ ಅಥವಾ ಅಲ್ಲಿರೋ ಮ್ಯಾಪ್ ಸೆನ್ಸರ್ ಜಾಗದಿಂದ ತಗೊಳ್ಳಿ. ವ್ಯಾಕ್ಯೂಮ್ ಪಂಪ್, ಸೊಲೆನಾಯ್ಡ್ ಸುತ್ತಮುತ್ತ ಇರೋ ತೆಳು ಪೈಪುಗಳ ಹತ್ತಿರ ಹೋಗಬೇಡಿ. ನಮ್ಮ ಭಾವಮೈದುನನ ಕಥೆ ಕೇಳಿದಿರಲ್ವಾ.

ಎಂಜಿನ್ ಪೂರ್ತಿ ತಣ್ಣಗಾದ ಮೇಲೆ, ಬ್ಯಾಟರಿಯ ನೆಗೆಟಿವ್ ಬಿಚ್ಚಿಟ್ಟು ಕೆಲಸ ಶುರು ಮಾಡಿ. ಗೇಜಿನ ಸೆನ್ಸರನ್ನು ಹೋಸ್ ಸಿಕ್ಕಿಸಿದ ಜಾಗಕ್ಕಿಂತ ಎತ್ತರದಲ್ಲಿ, ಅದರ ಮೂತಿ ಕೆಳಮುಖವಾಗಿ ಇರೋ ಹಾಗೆ ಕಟ್ಟಿ. ಎಣ್ಣೆ, ತೇವ ಏನಾದರೂ ಬಂದರೂ ವಾಪಸ್ ಇಳಿದುಹೋಗುತ್ತೆ, ಸೆನ್ಸರ್ ಒಳಗೆ ನಿಲ್ಲೋದಿಲ್ಲ. ಟರ್ಬೋ ಮತ್ತು ಎಕ್ಸಾಸ್ಟ್ ಕಡೆಯಿಂದ ದೂರ ಇರಲಿ, ಎಂಜಿನ್ ಮೇಲಂತೂ ಕಟ್ಟಲೇಬೇಡಿ, ಕಾರಿನ ಬಾಡಿಯ ಮೇಲೆ ಕಟ್ಟಿ. ಎಂಜಿನ್ ಅಲ್ಲಾಡುತ್ತೆ, ಬಾಡಿ ಅಲ್ಲಾಡಲ್ಲ. ಹಾಗಾಗಿ ಹೋಸನ್ನು ಬಿಗಿಯಾಗಿ ಎಳೆಯದೆ ಸ್ವಲ್ಪ ಸಡಿಲ ಬಿಡಿ. ಎರಡೂ ತುದಿಗೆ ಕೇಬಲ್ ಟೈ ಹಾಕಿ. ವ್ಯಾಕ್ಯೂಮ್‌ನಲ್ಲಿ ಹೋಸ್ ತಾನಾಗೇ ಹಿಡಿದುಕೊಳ್ಳುತ್ತೆ, ಬೂಸ್ಟ್ ಬಂದಾಗ ಕಳಚಿಕೊಳ್ಳೋದು.

ಫೈರ್‌ವಾಲ್‌ನಲ್ಲಿ (ಎಂಜಿನ್‌ಗೂ ಕಾರಿನ ಒಳಭಾಗಕ್ಕೂ ನಡುವಿನ ತಗಡಿನ ಗೋಡೆ) ಹೊಸ ತೂತು ಕೊರೆಯೋ ಅವಶ್ಯಕತೆ ಸಾಮಾನ್ಯವಾಗಿ ಬರಲ್ಲ. ಕಾರಿನ ವೈರ್ ಕಟ್ಟು ಹಾದುಹೋಗೋ ರಬ್ಬರ್ ಗ್ರಾಮೆಟ್ ಹುಡುಕಿ, ಅದರಲ್ಲಿ ಸಣ್ಣ ಸೀಳು ಮಾಡಿ ಗಟ್ಟಿ ತಂತಿಗೆ ಗೇಜಿನ ವೈರ್ ಟೇಪ್ ಸುತ್ತಿ ಎಳೆದುಕೊಳ್ಳಿ. ಇದಕ್ಕೆ ತಾಳ್ಮೆ ಬೇಕು, ಅರ್ಧ ಗಂಟೆ ಹೋದರೂ ಆಶ್ಚರ್ಯ ಇಲ್ಲ. ಆಮೇಲೆ ಸೀಳಿಗೆ ಸಿಲಿಕಾನ್ ಸೀಲೆಂಟ್ ತುಂಬಿ, ಇಲ್ಲದಿದ್ದರೆ ಮೊದಲ ಮಳೆಗೇ ಕಾಲಡಿಯ ಕಾರ್ಪೆಟ್ ಒದ್ದೆ.

ವೈರಿಂಗ್‌ನಲ್ಲಿ ಬಣ್ಣ ನಂಬಬೇಡಿ, ಗೇಜಿನ ಜೊತೆ ಬಂದ ಚೀಟಿ ನಂಬಿ. ಸಾಮಾನ್ಯವಾಗಿ ಮೂರು ಅಥವಾ ನಾಲ್ಕು ವೈರ್ ಇರುತ್ತೆ: ಅರ್ತ್, ಕೀ ಆನ್ ಮಾಡಿದಾಗ ಮಾತ್ರ ಬರೋ 12 ವೋಲ್ಟ್, ಕೆಲವಕ್ಕೆ ಯಾವಾಗಲೂ ಇರೋ 12 ವೋಲ್ಟ್, ಇನ್ನೊಂದು ರಾತ್ರಿ ಬೆಳಕು ಕಡಿಮೆ ಮಾಡೋಕೆ. ಬ್ಯಾಟರಿ ಮತ್ತೆ ಹಾಕಿ, ಮಲ್ಟಿಮೀಟರ್ 20 ವೋಲ್ಟ್ ಡಿಸಿಗೆ ಇಟ್ಟು, ಫ್ಯೂಸ್ ಬಾಕ್ಸಿನಲ್ಲಿ ಕೀ ಆಫ್ ಇದ್ದಾಗ ಸೊನ್ನೆ, ಆನ್ ಆದಾಗ 12 ತೋರಿಸೋ ಫ್ಯೂಸ್ ಹುಡುಕಿ. ಸಿಗರೇಟ್ ಲೈಟರ್, ವೈಪರ್ ಇಂಥವು ಸರಿ. ಏರ್‌ಬ್ಯಾಗ್, ಎಬಿಎಸ್, ಇಸಿಯು (ಎಂಜಿನ್ ನಿಯಂತ್ರಿಸೋ ಕಂಪ್ಯೂಟರ್) ಫ್ಯೂಸ್ ಮುಟ್ಟಬೇಡಿ. ಫ್ಯೂಸ್ ಟ್ಯಾಪ್ ತಿರುಗಿಸಿ ಹಾಕಿದರೂ ಕೆಲಸ ಮಾಡುತ್ತೆ, ಆದರೆ ಆಗ ಗೇಜಿನ ಕರೆಂಟು ಹಳೆ ಫ್ಯೂಸ್ ಮೂಲಕವೂ ಹೋಗುತ್ತೆ. ಫ್ಯೂಸ್ ಕಿತ್ತು, ಅದರ ಎರಡು ಕಾಲು ಕೂರೋ ಸಂದುಗಳಲ್ಲಿ ಯಾವುದಕ್ಕೆ ಕರೆಂಟ್ ಬರುತ್ತೆ ಅಂತ ಮೀಟರ್ ಇಟ್ಟು ನೋಡಿ ಟ್ಯಾಪ್ ಹಾಕಿ. ಅರ್ತ್‌ಗೆ ಬಣ್ಣ ಇಲ್ಲದ ಬೋಲ್ಟ್ ಬೇಕು. ಕಾರಿನ ವೈರಿನ ಸಿಪ್ಪೆ ಸುಲಿದು ಟೇಪ್ ಸುತ್ತೋ ಅಭ್ಯಾಸ ಇದ್ದರೆ ದಯವಿಟ್ಟು ಬಿಡಿ. ವಾರಂಟಿ ಇನ್ನೂ ಇರೋ ಕಾರಾದರೆ ಸರ್ವಿಸ್ ಸೆಂಟರಿನವರು ಮೊದಲು ನೋಡೋದೇ ಅದನ್ನ.

ಗೇಜ್ ಕೂರಿಸೋ ಜಾಗದ ಬಗ್ಗೆ ಒಂದೇ ಮಾತು. ಎ ಪಿಲ್ಲರ್ (ಮುಂದಿನ ಗಾಜಿನ ಪಕ್ಕದ ಕಂಬ) ಮೇಲೆ ಪಾಡ್ ಹಾಕಿದರೆ ಚೆನ್ನಾಗಿ ಕಾಣುತ್ತೆ ನಿಜ, ಆದರೆ ಕರ್ಟನ್ ಏರ್‌ಬ್ಯಾಗ್ ಇರೋ ಕಾರಿನಲ್ಲಿ ಅದು ಬಿಚ್ಚಿಕೊಳ್ಳೋ ದಾರಿ ಅದೇ. ಅಲ್ಲಿ ಸ್ಕ್ರೂ ಹೊಡೀಬೇಡಿ. ಎಸಿ ವೆಂಟ್ ಒಳಗೆ ಕೂರೋ ಪಾಡ್, ಇಲ್ಲಾಂದ್ರೆ ಸ್ಟಿಯರಿಂಗ್ ಹಿಂದಿನ ಜಾಗ ಒಳ್ಳೆಯದು. ಹಳದಿ ಬಣ್ಣದ ಕನೆಕ್ಟರ್ ಕಂಡರೆ ಅದು ಏರ್‌ಬ್ಯಾಗಿನದ್ದು ಅಂದುಕೊಂಡು ಕೈ ಹಿಂದೆ ತಗೊಳ್ಳಿ.

ಎಂಜಿನ್ ಶುರು ಮಾಡೋ ಮುಂಚೆ ಸಿರಿಂಜ್ ತೆಗೆಯಿರಿ. ಮ್ಯಾನಿಫೋಲ್ಡ್ ಕಡೆಯ ತುದಿಯಲ್ಲಿ ಹೋಸ್ ಬಿಚ್ಚಿ, ಸಿರಿಂಜ್ ಸಿಕ್ಕಿಸಿ, ಕೀ ಆನ್ ಮಾಡಿ, ನಿಧಾನವಾಗಿ ಒತ್ತಿ. ಮುಳ್ಳು ಏರುತ್ತೆ. 1 ಬಾರ್ ದಾಟಿಸಬೇಡಿ, ಸಣ್ಣ ಹೋಸ್ ಆದ್ದರಿಂದ ಒಂದೇ ಸಲ ಜೋರಾಗಿ ಒತ್ತಿದರೆ ಸೆನ್ಸರಿನ ಮಿತಿಯೇ ದಾಟಿಹೋಗಬಹುದು. ಹಾಗೇ ಒತ್ತಿ ಹಿಡಿದು ಒಂದು ನಿಮಿಷ ನೋಡಿ. ಮುಳ್ಳು ಇಳಿದರೆ ಎಲ್ಲೋ ಲೀಕ್ ಇದೆ. ಹತ್ತು ರೂಪಾಯಿ ಆಸುಪಾಸಿನ ಈ ಉಪಾಯದಿಂದ ಆಮೇಲಿನ ಅರ್ಧ ತಲೆನೋವು ತಪ್ಪುತ್ತೆ.

ಇನ್ನು ಓದೋದು ಹೇಗೆ? ಎಂಜಿನ್ ಬಿಸಿಯಾಗಿ, ಎಸಿ ಆಫ್ ಇದ್ದು ಐಡಲ್‌ನಲ್ಲಿ ನಿಂತಾಗ ಬೆಂಗಳೂರಿನಲ್ಲಿ ನನ್ನ ಕಾರು ಸುಮಾರು ಮೈನಸ್ 0.6 ಬಾರ್ ತೋರಿಸುತ್ತೆ. ಇದೇ ಕಾರು ಮಂಗಳೂರಿನಲ್ಲಿ ಮೈನಸ್ 0.7ರ ಹತ್ತಿರ. ಗೇಜ್ ಕೆಟ್ಟಿಲ್ಲ. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರ್‌ಗೂ ಮೇಲಿದೆ, ಇಲ್ಲಿ ಹೊರಗಿನ ಗಾಳಿಯ ಒತ್ತಡವೇ ಸುಮಾರು 0.91 ಬಾರ್, ಮಂಗಳೂರಿನಲ್ಲಿ 1.01. ಗೇಜ್ ತೋರಿಸೋದು ಹೊರಗಿನದ್ದಕ್ಕೂ ಒಳಗಿನದ್ದಕ್ಕೂ ಇರೋ ವ್ಯತ್ಯಾಸ. ಬೂಸ್ಟ್ ಬಂದಾಗ ಇದು ತಿರುವುಮುರುವಾಗುತ್ತೆ. ಇಸಿಯು ಒಟ್ಟು ಒತ್ತಡ 1.8 ಬಾರ್ ಬೇಕು ಅಂತ ಕೇಳಿದರೆ ಕರಾವಳಿಯಲ್ಲಿ ಮುಳ್ಳು 0.8ರ ಹತ್ತಿರ ನಿಲ್ಲುತ್ತೆ, ಬೆಂಗಳೂರಿನಲ್ಲಿ 0.9. ಮುಳ್ಳಯ್ಯನಗಿರಿ ಹತ್ತುವಾಗ ಹೊರಗಿನ ಒತ್ತಡ 0.8ಕ್ಕೆ ಇಳಿದಿರುತ್ತೆ, ಆಗ ಅಷ್ಟೇ ಗಾಳಿಗೆ ಟರ್ಬೋ ಇನ್ನೂ ಜಾಸ್ತಿ ಒದ್ದಾಡಬೇಕು. ಅದಕ್ಕೇ "ನನ್ನ ಕಾರು ಇಷ್ಟು ಬೂಸ್ಟ್ ಮಾಡುತ್ತೆ" ಅಂತ ಬೇರೆ ಊರಿನವರ ಜೊತೆ ಹೋಲಿಸೋಕೆ ಹೋಗಬೇಡಿ.

ಪಿಎಸ್‌ಐ ಗೇಜ್ ತಗೊಂಡವರಿಗೆ, 1 ಬಾರ್ ಅಂದರೆ 14.5 ಪಿಎಸ್‌ಐ. ಅಂಥ ಗೇಜಿನಲ್ಲಿ ವ್ಯಾಕ್ಯೂಮ್ ಭಾಗ ಬಹಳ ಸಲ ಪಾದರಸದ ಇಂಚಿನಲ್ಲಿರುತ್ತೆ, ಮೈನಸ್ 0.6 ಬಾರ್ ಅಂದರೆ ಅಲ್ಲಿ ಸುಮಾರು 18. "18 ಪಿಎಸ್‌ಐ ವ್ಯಾಕ್ಯೂಮ್" ಅಂತ ಯಾರಾದರೂ ಅಂದರೆ ಸುಮ್ನೆ ನಕ್ಕುಬಿಡಿ, ಗಾಳಿಯ ಒತ್ತಡವೇ ಅಷ್ಟಿಲ್ಲ.

ಐಡಲ್ ಏರಿಳಿತ ಆಗ್ತಿದ್ದರೆ, ಬಾನೆಟ್ ಒಳಗೆ ಸುಯ್ ಅಂತ ಸದ್ದು ಬಂದರೆ, ಅಥವಾ ಚೆಕ್ ಎಂಜಿನ್ ದೀಪ ಹತ್ತಿ ಪಿ0171 (ಪೆಟ್ರೋಲಿಗಿಂತ ಗಾಳಿ ಜಾಸ್ತಿ ಆಗಿದೆ) ಅಂತ ಕೋಡ್ ಬಂದರೆ, ಗೇಜ್ ಬಗ್ಗೆ ಯೋಚಿಸೋ ಮುಂಚೆ ಅಡಾಪ್ಟರಿನ ಓ ರಿಂಗ್ ನೋಡಿ. ಮುಳ್ಳು ಐಡಲ್‌ನಲ್ಲಿ ಪಟಪಟ ನಡುಗಿದರೆ ಹೋಸಿನೊಳಗೆ ಕಿರಿದಾದ ತೂತಿನ ಒಂದು ಸಣ್ಣ ರಿಸ್ಟ್ರಿಕ್ಟರ್ ಹಾಕಿ, ತಣ್ಣಗಾಗುತ್ತೆ. ಕೀ ಆನ್ ಮಾಡಿ ಎಂಜಿನ್ ಶುರು ಮಾಡದೇ ಇದ್ದಾಗಲೂ ಸೊನ್ನೆ ತೋರಿಸದಿದ್ದರೆ, ಗೇಜಿನಲ್ಲಿ ಸೊನ್ನೆ ಹೊಂದಿಸೋ ಬಟನ್ ಇದೆಯಾ ಅಂತ ಚೀಟಿಯಲ್ಲಿ ನೋಡಿ. ಕೆಲವು ಗೇಜ್‌ಗಳು ಸಮುದ್ರಮಟ್ಟದ ಒತ್ತಡವನ್ನೇ ಸೊನ್ನೆ ಅಂದುಕೊಂಡಿರುತ್ತವೆ, ಅವು ಬೆಂಗಳೂರಿನಲ್ಲಿ ನಿಂತ ಕಾರಿಗೂ ಮೈನಸ್ 0.1 ತೋರಿಸುತ್ತವೆ.

ಬೆಳಿಗ್ಗೆ ಎದ್ದಾಗ ಬ್ಯಾಟರಿ ಡೌನ್ ಆಗಿದ್ದರೆ ಕೀಗೆ ಕೊಡಬೇಕಾದ ವೈರನ್ನು ಯಾವಾಗಲೂ ಕರೆಂಟ್ ಇರೋ ಫ್ಯೂಸಿಗೆ ಕೊಟ್ಟಿದ್ದೀರಿ ಅಂತ ಅರ್ಥ. ರಾತ್ರಿ ಕಾರು ಲಾಕ್ ಮಾಡಿ ಹೋಗೋ ಮುಂಚೆ ಗಾಜಿನಿಂದ ಒಮ್ಮೆ ಇಣುಕಿ, ಗೇಜಿನ ದೀಪ ಆರಿದೆಯಾ ನೋಡಿ.