ಲೇಖನ ತಿದ್ದಿಸುವ ಮೊದಲು ಲಾಗ್ ಓದಿ: ಗೂಗಲ್‌ನಲ್ಲಿ ಬಿದ್ದ ಕನ್ನಡ ತಾಣ ಮತ್ತೆ ಎದ್ದ ಬಗೆ

ಸುಮಾರು 2,600 ಲೇಖನಗಳಿರುವ, ತಾಣ ನಡೆಸುವ ತಂತ್ರಾಂಶವಾದ ವರ್ಡ್‌ಪ್ರೆಸ್ ಮೇಲೆ ನಡೆಯುವ ಕನ್ನಡ ತಾಣ. ಗೂಗಲ್‌ನಿಂದ ದಿನಕ್ಕೆ 3,800ರ ಆಸುಪಾಸು ಬರುತ್ತಿದ್ದ ಕ್ಲಿಕ್ ಮೂರೇ ವಾರದಲ್ಲಿ 1,100ಕ್ಕೆ ಇಳಿಯಿತು. ಜಾಹೀರಾತಿನ ಆದಾಯ ಮೂರರಲ್ಲಿ ಒಂದು ಪಾಲೂ ಉಳಿಯಲಿಲ್ಲ. ಬಲ್ಲವರನ್ನು ಕೇಳಿದರೆ ಎಲ್ಲರದ್ದೂ ಒಂದೇ ಉತ್ತರ: ಗೂಗಲ್ ತನ್ನ ಸ್ಥಾನದ ಲೆಕ್ಕಾಚಾರ ಬದಲಿಸುವ ಕೋರ್ ಅಪ್‌ಡೇಟ್ ಹೊಡೆದಿದೆ, ಹಳೆಯ ಲೇಖನಗಳನ್ನು ಹೊಸದಾಗಿ ಬರೆಸಿ. ತೊಂದರೆ ಬರವಣಿಗೆಯಲ್ಲಿಲ್ಲ, ಸರ್ವರ್ ಬಾಗಿಲಲ್ಲಿದೆ ಎಂದು ನಾನು ಹೇಳಿದಾಗ ಯಾರೂ ಒಪ್ಪಲಿಲ್ಲ. ನಾಲ್ಕು ತಿಂಗಳ ನಂತರ ಕ್ಲಿಕ್ 4,000 ದಾಟಿದೆ, ಹಳೆಯ ಲೇಖನದ ಒಂದು ವಾಕ್ಯವನ್ನೂ ಹೊಸದಾಗಿ ಬರೆಸಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಮೊದಲು ಹಣ ಪೋಲಾದ ಕಡೆಗಳನ್ನು ಹೇಳಿಬಿಡುತ್ತೇನೆ. ಬ್ಯಾಕ್‌ಲಿಂಕ್ ಆಡಿಟ್‌ಗೆ (ಬೇರೆ ತಾಣಗಳಿಂದ ಇಲ್ಲಿಗೆ ಬರುವ ಲಿಂಕ್‌ಗಳ ತಪಾಸಣೆ) ಕೊಟ್ಟದ್ದು ಹೆಚ್ಚುಕಡಿಮೆ ಎರಡು ವರ್ಷದ ಹೋಸ್ಟಿಂಗ್ ಬಾಡಿಗೆಯಷ್ಟು. ಬಂದ ವರದಿ ದಪ್ಪಗಿತ್ತು, ಉಪಯೋಗಕ್ಕೆ ಬಂದದ್ದು ಏನೂ ಇಲ್ಲ. ಅದರ ಮಾತು ಕೇಳಿ 300ರಷ್ಟು ಡೊಮೇನ್‌ಗಳನ್ನು ಡಿಸ್‌ಅವೋ ಮಾಡಿದೆ, ಅಂದರೆ ಅವುಗಳ ಲಿಂಕ್ ಲೆಕ್ಕಕ್ಕೆ ಬೇಡ ಎಂದು ಗೂಗಲ್‌ಗೆ ಹೇಳಿದೆ, ಗ್ರಾಫ್ ಮೇಲಕ್ಕೂ ಹೋಗಲಿಲ್ಲ, ಕೆಳಕ್ಕೂ ಬರಲಿಲ್ಲ. ಗೂಗಲ್ ಸಿಬ್ಬಂದಿ ತಾವೇ ನೋಡಿ ವಿಧಿಸುವ ದಂಡದ (ಮ್ಯಾನುಯಲ್ ಆಕ್ಷನ್) ನೋಟಿಸ್ ಇಲ್ಲದಿದ್ದರೆ ಆ ಕೆಲಸಕ್ಕೆ ಕೈ ಹಾಕಲೇಬೇಡಿ. ಎರಡನೆಯ ಖರ್ಚು ದೊಡ್ಡ ಸರ್ವರ್ ಪ್ಲಾನ್. ತಿಂಗಳ ಬಾಡಿಗೆ ಎರಡು ಪಟ್ಟಾಯಿತು, ಪುಟಗಳು ವೇಗವಾದವು, ಇಂಡೆಕ್ಸ್ (ಗೂಗಲ್ ತನ್ನ ಹುಡುಕಾಟದ ಪಟ್ಟಿಯಲ್ಲಿ ಇಟ್ಟುಕೊಂಡ ಪುಟಗಳು) ಮಾತ್ರ ಹಾಗೇ ಕುಸಿಯುತ್ತಿತ್ತು.

ಕುಸಿತ ಯಾವ ಬಗೆಯದು ಎಂದು ಗುರುತಿಸಲು ತಾಣದ ಮಾಲೀಕರಿಗೆ ಗೂಗಲ್ ಕೊಡುವ ಸರ್ಚ್ ಕನ್ಸೋಲ್‌ನ ಮೂರು ಗೆರೆಗಳು ಸಾಕು: ಇಂಪ್ರೆಶನ್ (ಫಲಿತಾಂಶದಲ್ಲಿ ಪುಟ ಎಷ್ಟು ಸಲ ಕಾಣಿಸಿತು), ಸರಾಸರಿ ಸ್ಥಾನ, ಕ್ಲಿಕ್. ಇಂಪ್ರೆಶನ್ ಹಾಗೇ ಇದ್ದು ಸರಾಸರಿ ಸ್ಥಾನ ಇಳಿದಿದ್ದರೆ ಅದು ರ‍್ಯಾಂಕಿಂಗ್ ಸಮಸ್ಯೆ. ಇಂಪ್ರೆಶನ್ನೂ ಸ್ಥಾನವೂ ಹಾಗೇ ಇದ್ದು ಕ್ಲಿಕ್ ಮಾತ್ರ ಬಿದ್ದಿದ್ದರೆ ಫಲಿತಾಂಶದ ಪುಟವೇ ಬದಲಾಗಿದೆ, ಮೇಲೆ ಎಐ ಉತ್ತರವೋ ವಿಡಿಯೊ ಸಾಲೋ ಬಂದು ಕೂತಿರುತ್ತದೆ. ಇಂಪ್ರೆಶನ್ ಪಾತಾಳಕ್ಕಿಳಿದು ಸ್ಥಾನ ಹಾಗೇ ಇದ್ದರೆ, ಅಥವಾ ಸ್ವಲ್ಪ ಸುಧಾರಿಸಿದಂತೆ ಕಂಡರೆ, ಪುಟಗಳೇ ಇಂಡೆಕ್ಸ್‌ನಿಂದ ಕಳಚಿವೆ ಎಂಬ ಅನುಮಾನ ಬರಬೇಕು. ನನಗೆ ಕಂಡದ್ದು ಈ ಮೂರನೆಯದು. ಒಂದು ಎಚ್ಚರಿಕೆ ಇದೆ. 2025ರ ಸೆಪ್ಟೆಂಬರ್‌ನಲ್ಲಿ ಒಂದೇ ಪುಟದಲ್ಲಿ 100 ಫಲಿತಾಂಶ ತೋರಿಸುವ ಸೌಲಭ್ಯವನ್ನು ಗೂಗಲ್ ನಿಲ್ಲಿಸಿದಾಗ ಬಹಳ ತಾಣಗಳಲ್ಲಿ ಡೆಸ್ಕ್‌ಟಾಪ್ ಇಂಪ್ರೆಶನ್ ಬಿದ್ದು ಸ್ಥಾನ ಮೇಲೆ ಹೋದಂತೆ ಕಂಡಿತು. ಆದರೆ ಕ್ಲಿಕ್ ಬೀಳಲಿಲ್ಲ. ಆ ದಿನಾಂಕದ ಎರಡೂ ಬದಿಯನ್ನು ಹೋಲಿಸುವಾಗ ಮೊಬೈಲ್‌ನಲ್ಲಿ ಬಂದ ಇಂಪ್ರೆಶನ್ ಲೆಕ್ಕವನ್ನೇ ನೋಡಿ.

ಪೇಜ್ ಇಂಡೆಕ್ಸಿಂಗ್ ವರದಿಯಲ್ಲಿ "ಕ್ರಾಲ್ ಆಗಿದೆ, ಸದ್ಯ ಇಂಡೆಕ್ಸ್ ಆಗಿಲ್ಲ" ಎಂಬ ಗುಂಪು, ಅಂದರೆ ಗೂಗಲ್ ತೆರೆದು ಓದಿಯೂ ಪಟ್ಟಿಗೆ ಸೇರಿಸದ ಪುಟಗಳು, 1,400ಕ್ಕೆ ಏರಿತ್ತು. "ಸರ್ವರ್ ದೋಷ 5ಎಕ್ಸ್‌ಎಕ್ಸ್" ಗುಂಪು (ಸರ್ವರ್ 5ರಿಂದ ಶುರುವಾಗುವ ದೋಷ ಸಂಖ್ಯೆ ಕೊಟ್ಟ ಪುಟಗಳು) ನೂರರ ಒಳಗಿತ್ತು, ಹಾಗಾಗಿ ಯಾರ ಕಣ್ಣಿಗೂ ಬೀಳಲಿಲ್ಲ. ಯಾವುದೇ ಯುಆರ್‌ಎಲ್ (ಪುಟದ ವಿಳಾಸ) ಹಾಕಿ, ಗೂಗಲ್ ಆ ಕ್ಷಣ ಪುಟ ತೆರೆಯಬಲ್ಲದೇ ಎಂದು ನೋಡುವ ಲೈವ್ ಟೆಸ್ಟ್ ಓಡಿಸಿದರೂ ಹಸಿರು ಗುರುತು. ಲೈವ್ ಟೆಸ್ಟ್ ಪಾಸಾದ ಮೇಲೆ ಸರ್ವರ್ ತಪ್ಪು ಹೇಗಾದೀತು ಎಂದು ವಾದಿಸಿದವರೇ ಹೆಚ್ಚು. ಉತ್ತರ ಸರಳ. ಲೈವ್ ಟೆಸ್ಟ್‌ಗೆ ಬರುವುದು, ಇಂಡೆಕ್ಸ್‌ಗಾಗಿ ಪುಟಗಳನ್ನು ಓದುವ ಗೂಗಲ್‌ಬಾಟ್ ಅಲ್ಲ, ಗೂಗಲ್ ಇನ್‌ಸ್ಪೆಕ್ಷನ್ ಟೂಲ್ ಎಂಬ ಬೇರೆ ಯೂಸರ್ ಏಜೆಂಟ್, ಅಂದರೆ ಬೇರೆ ಹೆಸರು ಹೇಳಿಕೊಂಡು ಬರುವ ಯಂತ್ರ. ಅದೂ ಒಂದೊಂದೇ ಪುಟ ಕೇಳುತ್ತದೆ. ಹೆಸರು ನೋಡಿ ತಡೆಯುವ ಅಥವಾ ನಿಮಿಷಕ್ಕಿಷ್ಟು ಎಂದು ಎಣಿಸುವ ನಿಯಮ ಅದಕ್ಕೆ ತಗಲುವುದೇ ಇಲ್ಲ.

ಸರ್ಚ್ ಕನ್ಸೋಲ್‌ನ ಸೆಟ್ಟಿಂಗ್ಸ್ ಒಳಗಿರುವ ಕ್ರಾಲ್ ಸ್ಟ್ಯಾಟ್ಸ್, ಗೂಗಲ್ ತಾಣಕ್ಕೆ ಬಂದು ಕೇಳಿದ್ದರ 90 ದಿನದ ಲೆಕ್ಕ ಕೊಡುತ್ತದೆ. ಅಲ್ಲಿ 5ಎಕ್ಸ್‌ಎಕ್ಸ್ ಪಾಲು ಶೇಕಡ 9. ಅಷ್ಟೇನಾ ಅನ್ನಿಸುವ ಸಂಖ್ಯೆ. ಮೋಸ ಇರುವುದೇ ಇಲ್ಲಿ. ಆ ಒಟ್ಟು ಕೋರಿಕೆಗಳಲ್ಲಿ ಸಿಎಸ್‌ಎಸ್, ಜಾವಾಸ್ಕ್ರಿಪ್ಟ್, ಚಿತ್ರ, ಫಾಂಟ್ ಎಲ್ಲ ಸೇರಿವೆ, ಅವೆಲ್ಲ ಕ್ಯಾಶ್‌ನಿಂದ (ಮೊದಲೇ ತೆಗೆದಿಟ್ಟ ಪ್ರತಿ) 200, ಅಂದರೆ ಸರಿ, ಎಂದು ಹೋಗುತ್ತಿರುತ್ತವೆ. ಲೇಖನದ ಎಚ್‌ಟಿಎಂಎಲ್ ಅಷ್ಟನ್ನೇ ಬಿಡಿಸಿ ನೋಡಿದರೆ ಐದರಲ್ಲಿ ಎರಡು ಕೋರಿಕೆಗೆ 503, ಅಂದರೆ ಸದ್ಯ ಸೇವೆ ಇಲ್ಲ ಎಂಬ ಉತ್ತರ. ಕಡತದ ಬಗೆಯನ್ನೂ ಉತ್ತರದ ಬಗೆಯನ್ನೂ ಒಟ್ಟಿಗೆ ಸೋಸಲು ಆ ವರದಿಯಲ್ಲಿ ದಾರಿಯಿಲ್ಲ. ಸರ್ವರ್‌ಗೆ ಬಂದ ಪ್ರತಿ ಕೋರಿಕೆಯೂ ದಾಖಲಾಗುವ ಲಾಗ್ ಓದಲೇಬೇಕು.

ಲಾಗ್‌ನಲ್ಲೂ ಮೊದಲು ಎಡವಿದೆ. ಎರಡು ವಾರ ನೋಡಿದ್ದು ಪುಟಗಳನ್ನು ಕೊಡುವ ಸರ್ವರ್ ತಂತ್ರಾಂಶ ಅಪಾಚಿಯ ಲಾಗ್, ಅದರಲ್ಲಿ ಎಲ್ಲವೂ 200. 503 ಕೊಡುತ್ತಿದ್ದದ್ದು ಅದರ ಮುಂದೆ ಕಾವಲಿನಂತೆ ನಿಂತಿದ್ದ ಪ್ರಾಕ್ಸಿ. ತಡೆದ ಕೋರಿಕೆ ಅಪಾಚಿಯ ತನಕ ಬರುವುದೇ ಇಲ್ಲವೆಂದ ಮೇಲೆ ಅದರ ಲಾಗ್‌ನಲ್ಲಿ ಕಾಣುವುದಾದರೂ ಹೇಗೆ? ಸಿಡಿಎನ್ (ತಾಣದ ಪ್ರತಿಯನ್ನು ಹಲವೆಡೆಯ ಸರ್ವರ್‌ಗಳಿಂದ ಕೊಡುವ ಸೇವೆ) ಬಳಸುವವರಿಗೂ ಇದೇ ಗತಿ. ಆ ಮುಂದಿನ ಸರ್ವರ್‌ಗಳ ಲಾಗ್ (ಎಡ್ಜ್ ಲಾಗ್) ಕೇಳಿ ಪಡೆಯಿರಿ, ಕೊಡುವುದಿಲ್ಲ ಎಂದರೆ ಪ್ಲಾನ್ ಬದಲಿಸಿಯಾದರೂ ಪಡೆಯಿರಿ. ಇಡೀ ಕೆಲಸದಲ್ಲಿ ಸಾರ್ಥಕವಾದ ಖರ್ಚು ಅದೊಂದೇ.

ಲಾಗ್ ಓದುವ ಕ್ರಮ, ಸಾಲುಗಳನ್ನು ಸೋಸಿ ಎಣಿಸುವ ಲಿನಕ್ಸ್ ಆಜ್ಞೆಗಳಿಂದ: ಗ್ರೆಪ್‌ನಿಂದ ಗೂಗಲ್‌ಬಾಟ್ ಸಾಲುಗಳನ್ನು ತೆಗೆದು, ಆಕ್‌ನಲ್ಲಿ ಕಂಬೈಂಡ್ ಫಾರ್ಮ್ಯಾಟ್‌ನ ಏಳನೆಯ ಕಾಲಂ ಯುಆರ್‌ಎಲ್, ಒಂಬತ್ತನೆಯದು ಸ್ಟೇಟಸ್ (200, 503 ಇಂಥ ಉತ್ತರದ ಸಂಖ್ಯೆ) ಎಂದು ಹಿಡಿದು, ಸಾರ್ಟ್, ಯುನಿಕ್ ಮಾಡಿ ಎಣಿಸುವುದು. ಎಣಿಸುವ ಮೊದಲು ಬಂದ ಯಂತ್ರದ ಐಪಿ ಸಂಖ್ಯೆ ಯಾವ ಹೆಸರಿನದು ಎಂದು (ರಿವರ್ಸ್ ಡಿಎನ್‌ಎಸ್) ನೋಡಬೇಕು. ಹೆಸರು ಗೂಗಲ್‌ಬಾಟ್ ಡಾಟ್ ಕಾಮ್‌ನಲ್ಲೋ ಗೂಗಲ್ ಡಾಟ್ ಕಾಮ್‌ನಲ್ಲೋ ಮುಗಿಯಬೇಕು, ಆ ಹೆಸರನ್ನು ಮತ್ತೆ ಹುಡುಕಿದರೆ ಅದೇ ಐಪಿ ಬರಬೇಕು. ಹಾಗೆ ಸೋಸಿದಾಗ ಮೂರರಲ್ಲಿ ಒಂದು ಪಾಲಿಗಿಂತ ಹೆಚ್ಚು ಗೂಗಲ್‌ಬಾಟ್ ನಕಲಿ, ಅಂದರೆ ಆ ಹೆಸರು ಹೇಳಿಕೊಂಡು ಬಂದ ಬೇರೆಯವರು. ಗುಟ್ಟು ಬಯಲಾದದ್ದು ಅಲ್ಲೇ. ಫೈರ್‌ವಾಲ್ ನಿಯಮ ಗೂಗಲ್‌ಬಾಟ್ ಎಂಬ ಹೆಸರಿಗೆ ನಿಮಿಷಕ್ಕೆ 60 ಕೋರಿಕೆ ಎಂದು ಒಟ್ಟು ಮಿತಿ ಹಾಕಿತ್ತು. ನಕಲಿಗಳು ನಿಮಿಷದ ಮೊದಲರ್ಧದಲ್ಲೇ ಅಷ್ಟನ್ನೂ ತಿಂದು ಮುಗಿಸುತ್ತಿದ್ದವು. ನಿಜವಾದ ಗೂಗಲ್‌ಬಾಟ್ ಬಂದಾಗ ಬಾಗಿಲು ಮುಚ್ಚಿರುತ್ತಿತ್ತು. 503 ಬಂದಂತೆ ಗೂಗಲ್ ಕ್ರಾಲ್ ವೇಗ ಇಳಿಸುತ್ತದೆ, ಅದೇ ಪುಟಕ್ಕೆ ದಿನಗಟ್ಟಲೆ 503 ಸಿಕ್ಕಿದರೆ ಪುಟವನ್ನು ಇಂಡೆಕ್ಸ್‌ನಿಂದ ತೆಗೆಯುತ್ತದೆ.

ಪರಿಹಾರ: ಹೆಸರು ನೋಡುವ ನಿಯಮ ತೆಗೆದು, ಗೂಗಲ್ ತಾನೇ ಪ್ರಕಟಿಸುವ ಗೂಗಲ್‌ಬಾಟ್ ಐಪಿ ಪಟ್ಟಿಗೆ ಮಿತಿಯಿಲ್ಲದ ಪ್ರವೇಶ ಕೊಟ್ಟದ್ದು. ಪಟ್ಟಿ ಬದಲಾಗುತ್ತಿರುತ್ತದೆ, ದಿನಕ್ಕೊಮ್ಮೆ ಕ್ರಾನ್‌ನಿಂದ (ನಿಗದಿತ ಹೊತ್ತಿಗೆ ಕೆಲಸ ತಾನೇ ಓಡಿಸುವ ಸೌಲಭ್ಯ) ಎಳೆದುಕೊಳ್ಳಬೇಕು. ಆ ಹೆಸರು ಹೊತ್ತು ಬೇರೆ ಐಪಿಯಿಂದ ಬಂದವರಿಗೆ ನೇರ 403, ಅಂದರೆ ಪ್ರವೇಶವಿಲ್ಲ. ಮಾಮೂಲಿ ಬ್ರೌಸರ್ ವೇಷದಲ್ಲಿ ಬಂದು ತಾಣದ ಬರಹ ಗೋರಿಕೊಳ್ಳುವ ಸ್ಕ್ರೇಪರ್‌ಗಳನ್ನು ಹಿಡಿಯಲು ಬೇರೊಂದು ಗುರುತು ಬಳಸುತ್ತೇನೆ. ಬರೆದರೆ ಅವರೂ ಓದುತ್ತಾರೆ, ಆದ್ದರಿಂದ ಅದನ್ನು ಇಲ್ಲಿ ಹೇಳುವುದಿಲ್ಲ.

ಇದು ಕೋರ್ ಅಪ್‌ಡೇಟ್‌ನ ಆಟವೇ ಎಂದು ಆಗಲೂ ಹಟ ಹಿಡಿದವರಿದ್ದರು. ಹಾಗಾಗಿ ಹೊಸ ನಿಯಮವನ್ನು ಮೊದಲ 15 ದಿನ ಒಂದೇ ಫೋಲ್ಡರ್‌ಗೆ ಹಾಕಿದೆ, ಸುಮಾರು 400 ಲೇಖನ. ಆ ಫೋಲ್ಡರ್‌ನಲ್ಲಿ ಇಂಡೆಕ್ಸ್ ಆದ ಪುಟ 150ರಿಂದ 290ಕ್ಕೆ ಏರಿತು. ಉಳಿದ ಫೋಲ್ಡರ್‌ಗಳು ಇದ್ದಲ್ಲೇ ಇದ್ದವು. ಅಪ್‌ಡೇಟ್ ಒಂದೇ ಫೋಲ್ಡರ್‌ಗೆ ಕರುಣೆ ತೋರಿಸುವುದಿಲ್ಲ.

ಈ ಎಣಿಕೆಗೆ ನೆರವಾದದ್ದು ಸೈಟ್‌ಮ್ಯಾಪ್ (ಗೂಗಲ್‌ಗೆ ಕೊಡುವ ಪುಟ ವಿಳಾಸಗಳ ಪಟ್ಟಿ) ಒಡೆದದ್ದು. ಒಂದು ಸೈಟ್‌ಮ್ಯಾಪ್‌ನಲ್ಲಿ 50,000 ಯುಆರ್‌ಎಲ್ ಹಿಡಿಸಬಹುದಾದರೂ ನಾನು 200-200ರಂತೆ ಒಡೆದು, ಫೋಲ್ಡರ್ ಮತ್ತು ವರ್ಷದ ಪ್ರಕಾರ ಬೇರೆ ಬೇರೆಯಾಗಿ ಸಲ್ಲಿಸಿದೆ. ಇಂಡೆಕ್ಸಿಂಗ್ ವರದಿಯನ್ನು ಸೈಟ್‌ಮ್ಯಾಪ್‌ವಾರು ಸೋಸಬಹುದು. ವರದಿ ಒಂದು ಕಾರಣಕ್ಕೆ 1,000 ಉದಾಹರಣೆಗಿಂತ ಹೆಚ್ಚು ಕೊಡದು, ಸಣ್ಣ ಸೈಟ್‌ಮ್ಯಾಪ್ ಇದ್ದರೆ ಆ ಮಿತಿ ತೊಂದರೆ ಕೊಡುವುದಿಲ್ಲ. ಪುಟದ ಸ್ಥಿತಿಯನ್ನು ಪ್ರೋಗ್ರಾಂ ಮೂಲಕ ಕೇಳುವ ಇನ್‌ಸ್ಪೆಕ್ಷನ್ ಎಪಿಐ ದಿನಕ್ಕೆ 2,000 ಯುಆರ್‌ಎಲ್ ನೋಡಲು ಬಿಡುತ್ತದೆ, ಇಡೀ ತಾಣ ಎರಡು ದಿನದಲ್ಲಿ ಮುಗಿಯುತ್ತದೆ. ಕೈಯಾರೆ ಇಂಡೆಕ್ಸಿಂಗ್ ಕೋರುವುದು ಮಾತ್ರ ದಿನಕ್ಕೆ ಹತ್ತು ಹನ್ನೆರಡಕ್ಕೆ ನಿಂತುಬಿಡುತ್ತದೆ, 1,400 ಪುಟಕ್ಕೆ ಅದು ದಾರಿಯಲ್ಲ. ಸೈಟ್‌ಮ್ಯಾಪ್‌ನಲ್ಲಿರುವ ಲಾಸ್ಟ್‌ಮಾಡ್ (ಪುಟ ಕೊನೆಯ ಸಲ ಬದಲಾದ) ದಿನಾಂಕ ಸುಳ್ಳಾಗಿರಬಾರದು. ಇಲ್ಲಿನ ಪ್ಲಗಿನ್, ಥೀಮ್ ಸೇವ್ ಮಾಡಿದಾಗಲೆಲ್ಲ, 2,600 ಲೇಖನಕ್ಕೂ ಇವತ್ತಿನ ದಿನಾಂಕ ಒತ್ತುತ್ತಿತ್ತು. ಪುಟದ ಮಹತ್ವ ಹೇಳುವ ಪ್ರಯಾರಿಟಿ, ಎಷ್ಟು ಸಲ ಬದಲಾಗುತ್ತದೆಂದು ಹೇಳುವ ಚೇಂಜ್‌ಫ್ರೀಕ್ವೆನ್ಸಿಗಳನ್ನು ಗೂಗಲ್ ನೋಡುವುದೇ ಇಲ್ಲ, ಕಿತ್ತುಹಾಕಿ.

ಬಾಗಿಲು ತೆರೆದ ಮೇಲೆ ಗೂಗಲ್‌ಬಾಟ್ ಒಳಗೆ ಬಂದು ಸುತ್ತಾಡಿದ್ದು ಬೇಡದ ಕಡೆ. ಒಂದು ವಿಷಯದ ಲೇಖನಗಳನ್ನು ಪಟ್ಟಿ ಮಾಡುವ ಟ್ಯಾಗ್ ಪುಟಗಳು 3,800, ಹೆಚ್ಚಿನವಕ್ಕೆ ಒಂದೇ ಲೇಖನ. ಜೊತೆಗೆ ತಾಣದೊಳಗಿನ ಹುಡುಕಾಟದ ಪುಟಗಳು, ಕಾಮೆಂಟ್ ಉತ್ತರಕ್ಕೆಂದು ವಿಳಾಸದ ಕೊನೆಗೆ ಅಂಟುವ ಪ್ಯಾರಾಮೀಟರ್‌ಗಳು. ಇಲ್ಲಿ ನಾನು ಮಾಡಿದ ತಪ್ಪಿಗೆ ಆರು ವಾರ ಹೋಯಿತು. ಹುಡುಕಾಟದ ಪುಟಗಳಿಗೆ ನೋಇಂಡೆಕ್ಸ್ (ಇಂಡೆಕ್ಸ್‌ಗೆ ಸೇರಿಸಬೇಡ ಎಂಬ ಸೂಚನೆ) ಹಾಕಿ, ಅದೇ ದಿನ ರೋಬೋಟ್ಸ್ ಕಡತದಲ್ಲೂ (ಯಾವ ಪುಟ ತೆರೆಯಬಾರದು ಎಂದು ಹೇಳುವ ಕಡತ) ತಡೆದೆ. ತಡೆದ ಪುಟವನ್ನು ಗೂಗಲ್ ತೆರೆಯುವುದಿಲ್ಲ, ತೆರೆಯದಿದ್ದರೆ ನೋಇಂಡೆಕ್ಸ್ ಓದುವುದಿಲ್ಲ. "ರೋಬೋಟ್ಸ್ ತಡೆದರೂ ಇಂಡೆಕ್ಸ್ ಆಗಿದೆ" ಎಂಬ ಗುಂಪಿನಲ್ಲಿ ಅವು ಗಟ್ಟಿಯಾಗಿ ಕೂತವು. ತಡೆ ತೆಗೆದು, ನೋಇಂಡೆಕ್ಸ್ ಓದಿಸಿ, ಎಲ್ಲ ಉದುರಿದ ಮೇಲೆ ಮತ್ತೆ ತಡೆ ಹಾಕಬೇಕು. ಪ್ಯಾರಾಮೀಟರ್‌ಗಳು ಇಂಡೆಕ್ಸ್‌ನಲ್ಲಿ ಇರಲೇ ಇಲ್ಲ, ಅವಕ್ಕೆ ರೋಬೋಟ್ಸ್ ತಡೆಯೊಂದೇ ಸಾಕಾಯಿತು. ನಾಲ್ಕಕ್ಕಿಂತ ಕಡಿಮೆ ಲೇಖನವಿರುವ ಟ್ಯಾಗ್‌ಗಳನ್ನು ಅಳಿಸಿದೆ. ಅಳಿಸಿದವುಗಳಲ್ಲಿ ಅರ್ಧಕ್ಕೆ 404 (ಪುಟ ಸಿಗಲಿಲ್ಲ), ಅರ್ಧಕ್ಕೆ 410 (ಪುಟ ತೆಗೆದುಹಾಕಲಾಗಿದೆ) ಕೊಟ್ಟು ನೋಡಿದೆ. 410 ಮೂರ್ನಾಲ್ಕು ದಿನ ಮುಂಚೆ ಉದುರಿದವು, ಅಷ್ಟಕ್ಕಾಗಿ ಪ್ಲಗಿನ್ ಕೊಳ್ಳಬೇಕಾಗಿಲ್ಲ.

ಇನ್ನು ಕನ್ನಡದ ತಾಣಗಳಿಗೇ ಅಂಟಿದ ರೋಗ. ವರ್ಡ್‌ಪ್ರೆಸ್ ಸ್ಲಗ್‌ಗೆ (ವಿಳಾಸದಲ್ಲಿ ಲೇಖನದ ಹೆಸರಿರುವ ಭಾಗ) 200 ಚಿಹ್ನೆಯ ಮಿತಿ. ಕನ್ನಡದ ಒಂದು ಕೋಡ್ (ಒಂದು ಅಕ್ಷರಕ್ಕೋ ಗುರುತಿಗೋ ಯೂನಿಕೋಡ್ ಕೊಟ್ಟ ಸಂಖ್ಯೆ) ಯುಟಿಎಫ್-8ರಲ್ಲಿ 3 ಬೈಟ್, ವಿಳಾಸದಲ್ಲಿ ಬಳಸುವ ಪರ್ಸೆಂಟ್ ರೂಪದಲ್ಲಿ (ಬೈಟ್‌ಗೆ %E0 ಥರ ಮೂರು ಚಿಹ್ನೆ) 9 ಚಿಹ್ನೆ. ಅಂದರೆ 22 ಕೋಡ್‌ಗೆ ಸ್ಲಗ್ ಮುಗಿಯಿತು. "ಸ್ವಾತಂತ್ರ್ಯ" ಎಂಬ ಒಂದೇ ಪದ ಒತ್ತು, ಹಲಂತ, ಅನುಸ್ವಾರ ಸೇರಿ 11 ಕೋಡ್ ತಿನ್ನುತ್ತದೆ. ಒಂದೇ ಪದಗಳಿಂದ ಶುರುವಾಗುವ ಸರಣಿ ಲೇಖನಗಳೆಲ್ಲ ಒಂದೇ ಕಡೆ ತುಂಡಾಗಿ, ಕೊನೆಗೆ 2, 3, 4 ಎಂದು ಅಂಕಿ ಅಂಟಿಸಿಕೊಂಡು ನಿಂತಿದ್ದವು. ಹಂಚಿಕೊಂಡ ಉದ್ದದ ಲಿಂಕ್ ನಡುವೆ ಕತ್ತರಿಸಿದರೆ ವರ್ಡ್‌ಪ್ರೆಸ್ ಹತ್ತಿರದ ಹೆಸರಿನ ಲೇಖನವನ್ನು ಊಹಿಸಿ ಅಲ್ಲಿಗೆ ಕಳಿಸುತ್ತದೆ, ಎಷ್ಟೋ ಸಲ ತಪ್ಪು ಲೇಖನಕ್ಕೆ. ಕನ್ನಡ ಯುಆರ್‌ಎಲ್ ಇದ್ದ ಮಾತ್ರಕ್ಕೆ ಗೂಗಲ್ ಸ್ಥಾನ ಇಳಿಸುವುದಿಲ್ಲ, ತೊಂದರೆ ತುಂಡಾಗುವುದರದ್ದು. ಮೂರ್ನಾಲ್ಕು ಪದದ ಗಿಡ್ಡ ಸ್ಲಗ್ ಅನ್ನು ರೋಮನ್ ಲಿಪಿಯಲ್ಲಿ ಕೈಯಾರೆ ಬರೆದು, ಹಳೆಯದರಿಂದ 301 (ಹೊಸ ವಿಳಾಸಕ್ಕೆ ಶಾಶ್ವತವಾಗಿ ಕಳಿಸುವ ಉತ್ತರ) ಕೊಟ್ಟೆ. ಇಂಡೆಕ್ಸ್ ಆಗದವಕ್ಕೆ ಮಾತ್ರ ಹೀಗೆ ಮಾಡಿ. ಹುರುಪಿನಲ್ಲಿ, ಚೆನ್ನಾಗಿ ಓಡುತ್ತಿದ್ದ 40 ಲೇಖನಗಳ ಸ್ಲಗ್ಗನ್ನೂ ಬದಲಿಸಿದೆ, ಅವು ಮೊದಲಿನ ಜಾಗಕ್ಕೆ ಬರಲು ಐದು ವಾರ ಬೇಕಾಯಿತು.

ಕಣ್ಣಿಗೆ ಕಾಣದ ಇನ್ನೊಂದಿದೆ. "ಗೂಗಲ್‌ನಲ್ಲಿ" ಎಂದು ಬರೆಯುವಾಗ ಲ್ ಮತ್ತು ನ ನಡುವೆ ಕೂತು ಒತ್ತಕ್ಷರವಾಗದಂತೆ ತಡೆಯುವ, ಕಾಣದ ಚಿಹ್ನೆ ಜೀರೊ ವಿಡ್ತ್ ನಾನ್ ಜಾಯಿನರ್ ಒಂದು ಲಿಂಕ್‌ನಲ್ಲಿದ್ದು ಇನ್ನೊಂದರಲ್ಲಿ ಇಲ್ಲದಿದ್ದರೆ ಸರ್ವರ್‌ಗೆ ಅವು ಎರಡು ಬೇರೆ ಯುಆರ್‌ಎಲ್. "ಕೋ" ಎಂಬುದನ್ನು ಎರಡು ಕೋಡ್‌ನಲ್ಲೂ ಬರೆಯಬಹುದು, ನಾಲ್ಕು ಕೋಡ್‌ಗೆ ಬಿಡಿಸಿಯೂ ಬರೆಯಬಹುದು, ನೋಡಲು ಒಂದೇ. ಕನ್ನಡ ಹೆಸರಿನ ಚಿತ್ರದ ಕಡತಗಳು 404 ಕೊಡುತ್ತಿದ್ದದ್ದು ಇದರಿಂದಲೇ. ಡೇಟಾಬೇಸ್‌ನ ಒಳಲಿಂಕ್‌ಗಳನ್ನೆಲ್ಲ ಎನ್‌ಎಫ್‌ಸಿ ರೂಪಕ್ಕೆ (ಬಿಡಿಸಿ ಬರೆದ ಕೋಡ್‌ಗಳನ್ನು ಕೂಡಿಸಿ ಬರೆಯುವ ಯೂನಿಕೋಡ್ ಕ್ರಮ) ತಂದ ಮೇಲೆ 600ರಷ್ಟು 404 ಮಾಯ.

ಪಕ್ಕದ ಪ್ರಯೋಗವೊಂದು ನಿರೀಕ್ಷೆ ಮೀರಿ ಫಲ ಕೊಟ್ಟಿತು. ತಾಣದ ಮೊದಲ ದಿನಗಳ 180 ಲೇಖನ ನುಡಿ ತಂತ್ರಾಂಶದ ಹಳೆಯ ಆಸ್ಕಿ ಫಾಂಟ್‌ನಲ್ಲಿದ್ದವು. ವೆಬ್ ಫಾಂಟ್ ಹಾಕಿದ್ದರಿಂದ ಓದುಗರಿಗೆ ಕನ್ನಡ, ಗೂಗಲ್‌ಗೆ ಅರ್ಥವಿಲ್ಲದ ರೋಮನ್ ಅಕ್ಷರ. ಯೂನಿಕೋಡ್‌ಗೆ ಬದಲಿಸಿದೆ. ಆಸ್ಕಿಯಲ್ಲಿ ಅರ್ಕಾವೊತ್ತು ಅಕ್ಷರದ ನಂತರ ಬರುತ್ತದೆ, ಯೂನಿಕೋಡ್‌ನಲ್ಲಿ ರ್ ಮುಂಚೆ ಬರಬೇಕು. ಅಗ್ಗದ ಪರಿವರ್ತಕಗಳು ಕೆಡಿಸುವುದು ಇಲ್ಲೇ, ಹಾಗಾಗಿ "ಧರ್ಮ", "ಕಾರ್ಯ", "ವರ್ಷ" ಇಂಥ ಪದಗಳನ್ನು ಹುಡುಕಿ ನೋಡಿದೆ. ಆ ಲೇಖನಗಳೇ ಈಗ ದಿನಕ್ಕೆ 250ರ ಹತ್ತಿರ ಕ್ಲಿಕ್ ತರುತ್ತಿವೆ.

ಬಿಂಗ್‌ಗೆ, ಪುಟ ಬದಲಾದ ಸುದ್ದಿ ಕೂಡಲೇ ಮುಟ್ಟಿಸುವ ಇಂಡೆಕ್ಸ್‌ನೌ ಹಾಕಿದೆ, ಹತ್ತು ನಿಮಿಷದ ಕೆಲಸ. ಗೂಗಲ್ ಅದನ್ನು ಬಳಸುವುದಿಲ್ಲ. ಗೂಗಲ್‌ನ ಇಂಡೆಕ್ಸಿಂಗ್ ಎಪಿಐ ಇರುವುದು ಉದ್ಯೋಗ ಜಾಹೀರಾತು ಮತ್ತು ನೇರ ಪ್ರಸಾರದ ಪುಟಗಳಿಗೆ ಮಾತ್ರ, ಲೇಖನ ತಳ್ಳಿಕೊಡುತ್ತೇವೆ ಎನ್ನುವ ಪ್ಲಗಿನ್‌ಗೆ ಹಣ ಕೊಡಬೇಡಿ.

ಏರಿಕೆ ಬಂದ ಕ್ರಮ ಹೀಗಿತ್ತು. ನಿಯಮ ಇಡೀ ತಾಣಕ್ಕೆ ಹಾಕಿದ ಹತ್ತು ದಿನದಲ್ಲಿ ಎಚ್‌ಟಿಎಂಎಲ್ ಕ್ರಾಲ್ ದಿನಕ್ಕೆ 700ರಿಂದ 2,500ಕ್ಕೆ. ಇಂಡೆಕ್ಸ್ ಎಣಿಕೆ ಮೂರನೆಯ ವಾರ ಕದಲಿತು. ಕ್ಲಿಕ್ ಐದನೆಯ ವಾರ. ಅಲ್ಲಿಯವರೆಗೆ ಗ್ರಾಫ್ ಚಪ್ಪಟೆಯಾಗಿಯೇ ಇರುತ್ತದೆ, ಆ ನಡುವೆ ಬೇರೇನನ್ನೂ ಬದಲಿಸಲು ಹೋಗಬೇಡಿ, ಯಾವುದರಿಂದ ಏನಾಯಿತೆಂದು ಆಮೇಲೆ ತಿಳಿಯುವುದಿಲ್ಲ. ಕೊನೆಗೂ ಇಂಡೆಕ್ಸ್‌ಗೆ ಸೇರದೆ ಹಟ ಹಿಡಿದ 300ರಷ್ಟು ಲೇಖನಗಳನ್ನು ಒಳಲಿಂಕ್‌ಗಳಿಂದ ಎಬ್ಬಿಸಿದೆ. ಯಾವ ಪುಟದಿಂದ, ಎಷ್ಟು ಲಿಂಕ್, ಯಾವ ಸರದಿಯಲ್ಲಿ ಎಂಬ ಲೆಕ್ಕ ನನ್ನ ಹೊಟ್ಟೆಪಾಡಿನದು, ಅದನ್ನು ನನ್ನಲ್ಲೇ ಇಟ್ಟುಕೊಳ್ಳುತ್ತೇನೆ.

ಈಗ ನಿಜವಾದ ಗೂಗಲ್‌ಬಾಟ್‌ಗೆ ದಿನಕ್ಕೆ 20ಕ್ಕಿಂತ ಹೆಚ್ಚು 503 ಹೋದರೆ ಮೇಲ್ ಬರುವಂತೆ ಸ್ಕ್ರಿಪ್ಟ್ ಇಟ್ಟಿದ್ದೇನೆ. ಇದುವರೆಗೆ ಒಮ್ಮೆ ಬಂದಿದೆ. ಬೆಳಗಿನ ಜಾವ 2ಕ್ಕೆ ಬ್ಯಾಕಪ್ ಓಡುವಾಗ ಡೇಟಾಬೇಸ್ ಟೇಬಲ್‌ಗಳಿಗೆ ಬೀಗ ಬೀಳುತ್ತಿತ್ತು. ಟೇಬಲ್‌ಗಳಿಗೆ ಬೀಗ ಹಾಕದ ಸಿಂಗಲ್ ಟ್ರಾನ್ಸಾಕ್ಷನ್ ಆಯ್ಕೆಯಲ್ಲಿ ಡಂಪ್ (ಡೇಟಾಬೇಸ್‌ನ ಪ್ರತಿ) ತೆಗೆಯುವಂತೆ ಮಾಡಿದ ಮೇಲೆ ಅದೂ ನಿಂತಿತು.