ಎಲ್ಲರ ಕೈಯಲ್ಲೂ ಒಂದೇ ಎಡಿಷನ್: ಸೇನೆಗೆ ಡಿಜಿಟಲ್ ನಕ್ಷೆ ಪೂರೈಸಿದ ನನ್ನ ಅನುಭವ

ಸೇನೆಗೆ ಡಿಜಿಟಲ್ ನಕ್ಷೆ ಪೂರೈಸುವ ಹೊಣೆ ಕೆಲವು ವರ್ಷ ನನ್ನ ಮೇಲಿತ್ತು. ನಕ್ಷೆ ತಯಾರಿಸುವವರು ಬೇರೆ. ಅದು ಯಾರಿಗೆ, ಯಾವಾಗ, ಯಾವ ರೂಪದಲ್ಲಿ ಹೋಗಬೇಕು ಅನ್ನುವುದು ನನ್ನ ಪಾಲಿನ ಕೆಲಸ. ಗುಮಾಸ್ತಿಕೆ ಅನ್ನಿಸುತ್ತೆ, ಅಲ್ವಾ? ನನಗೂ ಮೊದಲು ಹಾಗೇ ಅನ್ನಿಸಿತ್ತು.

ಬೇಡಿಕೆಗಳು ಬರುತ್ತಿದ್ದ ರೀತಿ ಒಂದೇ: "ಆ ಪ್ರದೇಶದ್ದು ಇರುವುದೆಲ್ಲ ಕೊಡಿ." ಹಾಗೆ ಕೊಟ್ಟರೆ ಯಾರಿಗೂ ಉಪಯೋಗವಿಲ್ಲ. ಹೆಲಿಕಾಪ್ಟರ್ ಹಾರಿಸುವವರಿಗೆ ಟವರ್ ಮತ್ತು ವಿದ್ಯುತ್ ತಂತಿಗಳ ಎತ್ತರ ಬೇಕು. ಟ್ಯಾಂಕ್ ಪಡೆಗೆ ಸೇತುವೆ ಎಷ್ಟು ಭಾರ ತಡೆಯುತ್ತದೆ, ಮಣ್ಣು ಎಂಥದ್ದು ಅಂತ ಗೊತ್ತಾಗಬೇಕು. ಹಾಗಾಗಿ ಯಾವ ಜಾಗ ಅನ್ನುವುದರ ಜೊತೆಗೆ ಯಾವ ಕೆಲಸಕ್ಕೆ, ಯಾವ ಯಂತ್ರದಲ್ಲಿ ತೆರೆಯುತ್ತೀರಿ ಅಂತಲೂ ಕೇಳತೊಡಗಿದೆ. ಕೊನೆಯ ಪ್ರಶ್ನೆಗೆ ಉತ್ತರ ಸಿಗುವುದೇ ಕಷ್ಟ. ಆದರೆ ಜಾಸ್ತಿ ತೊಂದರೆ ತಪ್ಪಿಸಿದ್ದೂ ಅದೇ.

ಎತ್ತರದ ದತ್ತಾಂಶವನ್ನೇ ನೋಡಿ. ನೆಲದ ಎತ್ತರವನ್ನು ಬಿಂದು ಬಿಂದುವಾಗಿ ದಾಖಲಿಸುವ ಡಿಟಿಇಡಿ ಅನ್ನುವ ಮಾದರಿಯಿದೆ. ಅದರ ಲೆವೆಲ್ 1ರಲ್ಲಿ ಬಿಂದುಗಳ ನಡುವಿನ ಅಂತರ ಸುಮಾರು 90 ಮೀಟರ್, ಲೆವೆಲ್ 2ರಲ್ಲಿ ಸುಮಾರು 30. ಅಕ್ಷಾಂಶ, ರೇಖಾಂಶ ಎರಡರಲ್ಲೂ ಒಂದು ಡಿಗ್ರಿಯ ಚೌಕಕ್ಕೆ ಮೊದಲನೆಯದು 3 ಎಂಬಿಯೊಳಗೆ ಮುಗಿಯುತ್ತದೆ, ಎರಡನೆಯದು ಅದರ ಒಂಬತ್ತು ಪಟ್ಟು. ಇಡೀ ಪ್ರದೇಶದ ಒಂದು ನೋಟ ಸಿಕ್ಕರೆ ಸಾಕು ಅನ್ನುವವರಿಗೆ ಸುಮ್ನೆ ಲೆವೆಲ್ 2 ತುಂಬಿದರೆ ಅವರ ಹಳೆಯ ಲ್ಯಾಪ್‌ಟಾಪ್ ತೆವಳುತ್ತದೆ.

ಇನ್ನೊಂದು ತಲೆನೋವು ಡೇಟಮ್, ಅಂದರೆ ಸ್ಥಾನ ಅಳೆಯಲು ಇಟ್ಟುಕೊಳ್ಳುವ ಆಧಾರ. ಈಗಿನ ಹೆಚ್ಚಿನ ದತ್ತಾಂಶ ಡಬ್ಲ್ಯುಜಿಎಸ್ 84 ಅನ್ನುವ, ಇಡೀ ಭೂಮಿಗೆ ಅನ್ವಯಿಸುವ ಡೇಟಮ್‌ನಲ್ಲಿದೆ. ಹಳೆಯ ಹಾಳೆಗಳು ಆಯಾ ದೇಶದ ಡೇಟಮ್‌ನಲ್ಲಿವೆ. ಎರಡನ್ನೂ ಬೆರೆಸಿದರೆ ಒಂದೇ ಜಾಗ ನೂರಾರು ಮೀಟರ್ ಆಚೀಚೆ ಬೀಳಬಹುದು. ಎತ್ತರದಲ್ಲೂ ಇದೇ ಕಥೆ. ಸಮುದ್ರಮಟ್ಟದಿಂದ ಅಳೆದ ಎತ್ತರಕ್ಕೂ ಜಿಪಿಎಸ್ ಬಳಸುವ ಎಲಿಪ್ಸಾಯ್ಡ್‌ನಿಂದ (ಭೂಮಿಯ ಆಕಾರಕ್ಕೆ ಹತ್ತಿರವಾದ ಗಣಿತದ ನುಣುಪು ಮೇಲ್ಮೈ) ಅಳೆದದ್ದಕ್ಕೂ ಕೆಲವು ಕಡೆ 100 ಮೀಟರ್ ವ್ಯತ್ಯಾಸವಿದೆ. ಆದ್ದರಿಂದ ಡೇಟಮ್, ಎತ್ತರದ ಆಧಾರ, ತಯಾರಾದ ದಿನಾಂಕ ಬರೆದಿರದ ಫೈಲ್ ನಮ್ಮ ಸಂಗ್ರಹದೊಳಗೆ ಬರಲೇಬಾರದು ಅಂತ ಹಠ ಹಿಡಿದೆ. ಎಷ್ಟೇ ಚೆಂದದ ಫೈಲ್ ಆದರೂ ಸರಿ, ಈ ವಿವರಗಳು, ಅಂದರೆ ಮೆಟಾಡೇಟಾ, ಇಲ್ಲದಿದ್ದರೆ ಹೊರಗೇ.

ಆದರೆ ನಿಜವಾದ ಜಗಳವೆಲ್ಲ ಎಡಿಷನ್ ಬಗ್ಗೆ, ಅಂದರೆ ನಕ್ಷೆಯ ಯಾವ ಆವೃತ್ತಿ ಬಳಸಬೇಕು ಅನ್ನುವುದರ ಬಗ್ಗೆ. ಹೊಸ ದತ್ತಾಂಶ ಬಂದ ಕೂಡಲೇ ಕೊಡಬೇಕು ಅಂತ ಎಲ್ಲರೂ ಒತ್ತಾಯಿಸುತ್ತಾರೆ. ನಾನು ಒಪ್ಪಲಿಲ್ಲ. ಆಕಾಶದಲ್ಲಿರುವವರ ಹತ್ತಿರ ಹೊಸದು, ನೆಲದಲ್ಲಿರುವವರ ಹತ್ತಿರ ಹಳೆಯದು ಇದ್ದರೆ, "ದಾರಿ ಕವಲೊಡೆಯುವ ಜಾಗ" ಅಂದಾಗ ಇಬ್ಬರೂ ಬೇರೆ ಬೇರೆ ಕವಲು ನೋಡುತ್ತಿರುತ್ತಾರೆ. ಎಲ್ಲರ ಹತ್ತಿರವೂ ಇರುವ ಹಳೆಯ ನಕ್ಷೆ, ಅರ್ಧ ಜನರ ಹತ್ತಿರವಿರುವ ಹೊಸ ನಕ್ಷೆಗಿಂತ ಮೇಲು. ಕಾರ್ಯಾಚರಣೆ ಶುರುವಾಗುವ ಮೊದಲೇ ಎಡಿಷನ್ ನಿಗದಿಮಾಡಿ, ಮುಗಿಯುವವರೆಗೆ ಬದಲಿಸುತ್ತಿರಲಿಲ್ಲ. ಸೇತುವೆ ಕುಸಿದಂಥ ತುರ್ತು ಸುದ್ದಿ ಚಿಕ್ಕದೊಂದು ಲೇಯರ್ (ನಕ್ಷೆಯ ಮೇಲೆ ಹೊದಿಸುವ ಪದರ) ಆಗಿ ಮೇಲೆ ಸೇರುತ್ತಿತ್ತು. ಅಚ್ಚಾದ ಕಾಗದದ ಹಾಳೆಯೂ ಅದೇ ಎಡಿಷನ್‌ನದ್ದು. ಬ್ಯಾಟರಿ ಮುಗಿದಾಗ ಕೆಲಸಕ್ಕೆ ಬರುವುದು ಅದೇ ತಾನೇ!

ಈ ಲೇಯರ್ ಚಿಕ್ಕದಾಗಿದ್ದದ್ದರಿಂದ ಸಾಗಣೆಯೂ ಹಗುರವಾಯಿತು. ಮೂಲ ಸೆಟ್ ಹಾರ್ಡ್ ಡಿಸ್ಕ್‌ನಲ್ಲಿ ಮೊದಲೇ ಹೋಗುತ್ತಿತ್ತು, ಉಪಗ್ರಹ ಸಂಪರ್ಕದಲ್ಲಿ ಬದಲಾವಣೆ ಮಾತ್ರ. ರಸ್ತೆ, ನದಿ, ಕಟ್ಟಡಗಳನ್ನು ಬಿಂದು, ಗೆರೆ, ಆಕಾರಗಳಾಗಿ ಇಡುವ ವೆಕ್ಟರ್ ದತ್ತಾಂಶಕ್ಕೆ ಜಿಯೋಪ್ಯಾಕೇಜ್ ಅನ್ನುವ ಫೈಲ್ ಮಾದರಿ ಆರಿಸಿಕೊಂಡೆವು. ಎಲ್ಲವೂ ಒಂದೇ ಫೈಲ್‌ನಲ್ಲಿರುವುದರಿಂದ ಅರ್ಧ ಕಳೆದುಹೋಗುವ ಭಯವಿಲ್ಲ.

ಪ್ರಪಂಚದ ನಕ್ಷೆಯನ್ನೆಲ್ಲ ಒಬ್ಬರೇ ಮಾಡುವುದಕ್ಕಂತೂ ಆಗುವುದಿಲ್ಲ. ಎಂಜಿಸಿಪಿ (ಮಲ್ಟಿನ್ಯಾಷನಲ್ ಜಿಯೋಸ್ಪೇಷಿಯಲ್ ಕೋ-ಪ್ರೊಡಕ್ಷನ್ ಪ್ರೋಗ್ರಾಂ) ಅನ್ನುವ ಯೋಜನೆಯಲ್ಲಿ ಹಲವು ದೇಶಗಳು ಒಂದೊಂದು ಡಿಗ್ರಿಯ ಚೌಕಗಳನ್ನು ಹಂಚಿಕೊಂಡು, ಒಂದೇ ನಿಯಮದಂತೆ ತಯಾರಿಸಿ ಪರಸ್ಪರ ಬಳಸುತ್ತವೆ. ನಮ್ಮ ಒಳಗಿನ ನಿಯಮಗಳಿಗೂ ಇದೇ ಮಾದರಿ.

ಬಳಸಿದವರು ಕಂಡ ತಪ್ಪುಗಳು ನಮಗೆ ವಾಪಸ್ ಬರಬೇಕು. ಬಂದ ಪ್ರತಿ ವರದಿಯನ್ನೂ ಆ ಜಾಗದ ಮೇಲಿನಿಂದ ತೆಗೆದ ಚಿತ್ರದ ಜೊತೆ ಹೋಲಿಸಿ, ತಿದ್ದುಪಡಿ ಯಾವ ಎಡಿಷನ್‌ಗೆ ಸೇರುತ್ತದೆ ಅಂತ ಕಳಿಸಿದವರಿಗೇ ತಿಳಿಸುತ್ತಿದ್ದೆವು. ಉತ್ತರ ಸಿಗದವರು ಎರಡನೇ ಸಲ ಬರೆಯುವುದಿಲ್ಲ.